ನಿಂತು ನೋಡುವ ರಾಕ್ ಕಾರ್ಯಕ್ರಮದಲ್ಲಿ 35 ಜನ ಸೇರಿ ಚಪ್ಪಾಳೆ, ಹಾಡು, ಬೆಳಕು: ಹೇಗೆ ಮಾಡಿದರೆ ಕೆಡುವುದಿಲ್ಲ?

ಕೋಥ್ರೂಡ್ ಕನ್ನಡಿಗ:

ಪುಣೆ, ಡೊಂಬಿವಿಲಿ, ನವಿ ಮುಂಬಯಿಗಳಿಂದ 35 ಕನ್ನಡದ ಗೆಳೆಯರು ಸೇರಿ ಮಹಾಲಕ್ಷ್ಮಿ ರೇಸ್‌ಕೋರ್ಸ್‌ನ ರಾಕ್ ಕಾರ್ಯಕ್ರಮಕ್ಕೆ ಹೊರಟಿದ್ದೇವೆ. ಎಲ್ಲರದೂ ನಿಂತು ನೋಡುವ ಟಿಕೆಟ್, ಎಲ್ಲರಿಗೂ ಆ ಬ್ಯಾಂಡಿನ ಹಾಡು ಬಾಯಿಪಾಠ. ಸುಮ್ಮನೆ ನೋಡಿ ಬರುವ ಬದಲು ಒಂದು ಹಾಡಿಗೆ ಒಟ್ಟಾಗಿ ಚಪ್ಪಾಳೆ, ಒಂದು ನಿಧಾನದ ಹಾಡಿಗೆ ಬಣ್ಣದ ಬೆಳಕು, ಪಲ್ಲವಿ ಬಂದಾಗ ಜೋರು ದನಿ, ಇಷ್ಟನ್ನು ನಾವೇ ಎತ್ತಿಕೊಟ್ಟು ಸುತ್ತಲಿನವರನ್ನೂ ಎಳೆದುಕೊಳ್ಳಬೇಕು ಅಂತ ಆಸೆ.

ಮೈದಾನದಲ್ಲಿ ಚಪ್ಪಾಳೆ ಚೆನ್ನಾಗಿ ಶುರುವಾಗಿ ಅರ್ಧ ನಿಮಿಷದಲ್ಲಿ ಚದುರಿಹೋಗುತ್ತದಲ್ಲ, ಅದು ಯಾಕೆ? ಎಲ್ಲಿ ನಿಂತರೆ ಸರಿ? ಜೋರಾಗಿ ಹಾಡಿದರೆ ಪಕ್ಕದವರು ದುಡ್ಡು ಕೊಟ್ಟು ಬಂದದ್ದು ಹಾಳಾಗುತ್ತದೆ ಅನ್ನುವವರೂ ನಮ್ಮ ಗುಂಪಿನಲ್ಲಿದ್ದಾರೆ, ಅದು ನಿಜವೇ? ಬಲ್ಲವರು ವಿವರವಾಗಿ ತಿಳಿಸಿ.

ಕನ್ಸೋಲ್ ಕಡೆಯವ:

ಚಪ್ಪಾಳೆ ಚದುರುವುದಕ್ಕೆ ಜನರ ತಾಳಜ್ಞಾನ ಕಾರಣವಲ್ಲ, ದೂರ ಕಾರಣ. ಮುಂಬಯಿಯ 30 ಡಿಗ್ರಿ ಸೆಖೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 350 ಮೀಟರ್ ಓಡುತ್ತದೆ. ವೇದಿಕೆಯಿಂದ 43 ಮೀಟರ್ ಹಿಂದೆ ನಿಂತವನಿಗೆ ಡ್ರಮ್ಮಿನ ಪೆಟ್ಟು ಸೆಕೆಂಡಿನ ಎಂಟನೇ ಒಂದು ಭಾಗ ತಡವಾಗಿ ಕೇಳುತ್ತದೆ. ಅವನು ಕೇಳಿದ್ದಕ್ಕೆ ಸರಿಯಾಗಿಯೇ ತಟ್ಟಿದರೂ ಆ ಚಪ್ಪಾಳೆ ವೇದಿಕೆಗೆ ವಾಪಸ್ ಹೋಗಲು ಮತ್ತೆ ಅಷ್ಟೇ ಹೊತ್ತು ಬೇಕು. ಒಟ್ಟು ಕಾಲು ಸೆಕೆಂಡ್. ನಿಮಿಷಕ್ಕೆ 120 ಬೀಟಿನ ಹಾಡಿನಲ್ಲಿ ಬೀಟಿಗೂ ಬೀಟಿಗೂ ಇರುವ ಅಂತರ ಅರ್ಧ ಸೆಕೆಂಡ್. ಅಂದರೆ ಅವನ ಚಪ್ಪಾಳೆ ವೇದಿಕೆಯಲ್ಲಿ ಎರಡು ಬೀಟಿನ ನಟ್ಟನಡುವೆ ಬೀಳುತ್ತದೆ. ಮುಂದಿನ ಸಾಲಿನವರಿಗೂ ಅದು ಹಿಂದಿನಿಂದ ತಡವಾಗಿ ಕೇಳಿ ಅವರ ಕೈಯೂ ತಪ್ಪುತ್ತದೆ. ದೊಡ್ಡ ಮೈದಾನಗಳಲ್ಲಿ ಡಿಲೇ ಟವರ್, ಅಂದರೆ ಮೈದಾನದ ನಡುವೆ ಸ್ಪೀಕರ್ ಹೊತ್ತ ಗೋಪುರ, ನಿಲ್ಲಿಸುತ್ತಾರೆ. ಅದು ಹಿಂದಿನವರಿಗೆ ಸ್ಪಷ್ಟವಾಗಿ ಕೇಳಿಸಲು ಮಾತ್ರ. ಮುಖ್ಯ ಸ್ಪೀಕರಿನ ಶಬ್ದ ಅಲ್ಲಿಗೆ ಬಂದು ಮುಟ್ಟುವ ಹೊತ್ತಿಗೆ ಹೊಂದಿಸಿಯೇ ಅದನ್ನು ತಡಮಾಡಿರುತ್ತಾರೆ, ಹಾಗಾಗಿ ಚಪ್ಪಾಳೆಯ ತೊಂದರೆ ಅದರಿಂದ ನೀಗುವುದಿಲ್ಲ. ಪರದೆ ನೋಡಿ ತಟ್ಟುವುದೂ ಬೇಡ. ಕ್ಯಾಮೆರಾದಿಂದ ಪರದೆಯವರೆಗೆ ಚಿತ್ರ ಕೆಲವು ಫ್ರೇಮ್ ಹಿಂದೆ ಬೀಳುತ್ತದೆ, ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ ಒಂದೊಂದು ಫ್ರೇಮಿಗೂ 40 ಮಿಲಿಸೆಕೆಂಡ್.

ನೀವು ಮಾಡಬಹುದಾದದ್ದು ಇಷ್ಟು. 35 ಜನ ಚದುರದೆ ಸುಮಾರು ಹನ್ನೆರಡರಂತೆ ಮೂರು ಸಾಲಾಗಿ ನಿಲ್ಲಿ. ಭುಜಕ್ಕೆ ಭುಜ ನಿಂತರೆ ಅಗಲ ಆರೇಳು ಮೀಟರ್ ದಾಟುವುದಿಲ್ಲ, ಈ ಕೊನೆಗೂ ಆ ಕೊನೆಗೂ 20 ಮಿಲಿಸೆಕೆಂಡ್ ವ್ಯತ್ಯಾಸ, ಕಿವಿಗೆ ಅದು ಗೊತ್ತಾಗದು. ನಾಲ್ಕರ ತಾಳದಲ್ಲಿ ಎರಡು ಮತ್ತು ನಾಲ್ಕನೇ ಬೀಟಿಗೆ ತಟ್ಟಿ. ರಾಕ್‌ನಲ್ಲಿ ಸ್ನೇರ್, ಅಂದರೆ ಚಟ್ ಎನ್ನುವ ಚಿಕ್ಕ ಡ್ರಮ್, ಬೀಳುವ ಜಾಗ ಅದು. ನಮ್ಮ ಜನ ಅಭ್ಯಾಸಬಲದಿಂದ ಒಂದು ಮೂರಕ್ಕೆ ತಟ್ಟುತ್ತಾರೆ, ಆಗ ಸ್ನೇರ್ ಜೊತೆ ಜಗಳ ಶುರು. ಗುಂಪಿನ ಚಪ್ಪಾಳೆ ಸಾಮಾನ್ಯವಾಗಿ ವೇಗ ಏರಿಸಿಕೊಳ್ಳುತ್ತದೆ. ಒಬ್ಬರನ್ನು ಮುಂದಾಳು ಮಾಡಿ ಅವರ ಕೈ ತಲೆಗಿಂತ ಮೇಲಿರಲಿ, ಉಳಿದವರು ಅದನ್ನೇ ನೋಡಲಿ. ಏಳರ ತಾಳದ ಹಾಡಿದ್ದರೆ, ಗಿಟಾರ್ ಒಂದೇ ನುಡಿಸುವ ಆರಂಭವಿದ್ದರೆ ಚಪ್ಪಾಳೆ ಬೇಡವೇ ಬೇಡ.

ಇನ್ನೊಂದು ವಿಷಯ ಅಭಿಮಾನಿಗಳಿಗೆ ಹೆಚ್ಚಾಗಿ ಗೊತ್ತಿರುವುದಿಲ್ಲ. ಈಗ ಬಹುತೇಕ ದೊಡ್ಡ ಬ್ಯಾಂಡುಗಳು ಕಿವಿಯೊಳಗೆ ಇನ್-ಇಯರ್ ಮಾನಿಟರ್, ಅಂದರೆ ತಮ್ಮದೇ ವಾದನ ಕೇಳಿಸುವ ಪುಟ್ಟ ಸ್ಪೀಕರ್, ಹಾಕಿಕೊಂಡಿರುತ್ತವೆ. ಹೊರಗಿನ ಶಬ್ದ ಅವರಿಗೆ ಬಹಳ ಕಡಿಮೆ. ನಿಮ್ಮ ದನಿ ಅವರಿಗೆ ಮುಟ್ಟುವುದು ವೇದಿಕೆಯ ಅಂಚಿನಲ್ಲಿ ಜನರ ಕಡೆ ತಿರುಗಿಸಿ ಇಟ್ಟ ಮೈಕುಗಳಿಂದ. ಬ್ಯಾಂಡಿನವರ ಕಿವಿಗೆ ಹೋಗುವ ಶಬ್ದ ನೋಡಿಕೊಳ್ಳುವ ಮಾನಿಟರ್ ಎಂಜಿನಿಯರ್ ಹಾಡಿನ ನಡುವೆ ಅವನ್ನು ಇಳಿಸಿ, ಹಾಡು ಮುಗಿದಾಗ ಏರಿಸುತ್ತಾನೆ. ಹಾಗಾಗಿ ಹಾಡು ಮುಗಿದ ಮೊದಲ ಐದಾರು ಸೆಕೆಂಡು ಬಹಳ ಮುಖ್ಯ. ಗಾಯಕ ತಾನೇ ನಿಲ್ಲಿಸಿ ಮೈಕನ್ನು ಜನರ ಕಡೆ ಚಾಚಿದಾಗಲೂ ಅಷ್ಟೇ, ಆಗ ಜೀವ ಬಿಟ್ಟು ಹಾಡಿ.

ಪಕ್ಕದವರಿಗೆ ಹಾಳಾಗುತ್ತದೆಯೇ ಅಂತ ಕೇಳಿದಿರಿ. ಮೆಲುದನಿಯ ಭಾಗದಲ್ಲಿ ಹಾಡಿದರೆ ಖಂಡಿತ ಹಾಳಾಗುತ್ತದೆ. ಗಾಯಕನ ಮಾತು ಸ್ಪಷ್ಟವಾಗುವ 1ರಿಂದ 4 ಕಿಲೋಹರ್ಟ್ಜ್ ಪಟ್ಟಿಯಲ್ಲೇ ನಿಮ್ಮ ದನಿಯ ಹರಿತವೂ ಇರುವುದು. ಜನರ ಗದ್ದಲ ಏರಿದರೆ ಶಬ್ದ ಹದಗೊಳಿಸುವ ಕನ್ಸೋಲ್‌ನಲ್ಲಿ ಕೂತವನು ಗಾಯಕನನ್ನು ಮೇಲೆತ್ತಬೇಕು, ಆಮೇಲೆ ಗಿಟಾರ್, ಆಮೇಲೆ ಡ್ರಮ್, ಕೊನೆಗೆ ಎಲ್ಲವೂ ಕಿರುಚುತ್ತವೆ. ಪೂರ್ತಿ ಬ್ಯಾಂಡು ಬಾರಿಸುವಾಗ ಎಷ್ಟಾದರೂ ಹಾಡಿ, ಯಾರಿಗೂ ತೊಂದರೆಯಿಲ್ಲ.

ನೆರೂಳ್ ಮಂಗಳೂರಿಗ:

ಮಾರಾಯ್ರೇ, ಚಪ್ಪಾಳೆಗಿಂತ ಮೊದಲು ನಿಲ್ಲುವ ಜಾಗದ ಲೆಕ್ಕ ನೋಡಿ. ಒಂದು ಚದರ ಮೀಟರಿಗೆ ಮೂರು ನಾಲ್ಕು ಜನ ಅಂದರೆ ಆರಾಮ, ಕೈ ಎತ್ತಬಹುದು, ತಿರುಗಬಹುದು. ಐದು ದಾಟಿದರೆ ಜಾಗ್ರತೆ. ಆರು ಏಳಾದರೆ ನಿಮ್ಮ ಕಾಲು ನಿಮ್ಮ ಮಾತು ಕೇಳುವುದಿಲ್ಲ, ಗುಂಪು ದೂಡಿದ ಕಡೆ ದೇಹ ಹೋಗುತ್ತದೆ. ಪರೀಕ್ಷೆ ಸುಲಭ ಉಂಟು: ಎರಡೂ ಕೈ ಎದೆಯ ಮಟ್ಟಕ್ಕೆ ತಂದುಕೊಳ್ಳಲು ಆಗುತ್ತದಾ ನೋಡಿ. ಆಗದಿದ್ದರೆ ಆಗಲೇ ಹೊರಡಿ. ಹೊರಡುವಾಗ ಎದುರು ತಳ್ಳಬೇಡಿ. ಅಲೆ ಬಂದು ಹಿಂದೆ ಸರಿಯುವ ಹೊತ್ತಿಗೆ ಓರೆಯಾಗಿ, ಬದಿಯ ಕಡೆಗೆ ಎರಡೆರಡು ಹೆಜ್ಜೆ. ಕೈಗಳು ಎದೆಯ ಮುಂದೆಯೇ ಇರಲಿ, ಉಸಿರಿಗೆ ಜಾಗ ಬೇಕಲ್ವಾ. ಜನ ಸಾಯುವುದು ತುಳಿತಕ್ಕಿಂತ ಹೆಚ್ಚಾಗಿ ಉಸಿರು ಕಟ್ಟಿ.

ಇದು ಹೆದರಿಸಲಿಕ್ಕೆ ಹೇಳುವುದಲ್ಲ. 1979ರ ಡಿಸೆಂಬರ್ 3ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ ದ ಹೂ ಬ್ಯಾಂಡಿನ ಕಾರ್ಯಕ್ರಮಕ್ಕೆ ಬಂದ 11 ಅಭಿಮಾನಿಗಳು ಬಾಗಿಲ ಹತ್ತಿರದ ನೂಕಿನಲ್ಲೇ ತೀರಿಹೋದರು. ಸೀಟಿನ ಸಂಖ್ಯೆ ಇಲ್ಲ, ಮೊದಲು ಹೋದವರಿಗೆ ಮುಂದಿನ ಜಾಗ, ತೆರೆದ ಬಾಗಿಲು ಕಡಿಮೆ. 2000ರ ಜೂನ್ 30ರಂದು ಡೆನ್ಮಾರ್ಕಿನ ರೋಸ್ಕಿಲ್ಡೆಯಲ್ಲಿ ಪರ್ಲ್ ಜ್ಯಾಮ್ ನುಡಿಸುವಾಗ ವೇದಿಕೆಯ ಮುಂದೆಯೇ 9 ಜನ. ನಮ್ಮಲ್ಲಿ 2011ರ ಅಕ್ಟೋಬರಿನಲ್ಲಿ ಗುರುಗಾಂವ್‌ನ ಮೆಟಾಲಿಕಾ ಕಾರ್ಯಕ್ರಮ ಮುಂದಿನ ಬ್ಯಾರಿಕೇಡ್ ಕೈಕೊಟ್ಟು ರದ್ದಾಯಿತು, ಎರಡು ದಿನ ಬಿಟ್ಟು ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆಯಿತು.

ಬ್ಯಾರಿಕೇಡ್ ಹೇಗೆ ನಿಲ್ಲುತ್ತದೆ ಅಂತ ತಿಳಿದಿದ್ದರೆ ಒಳ್ಳೆಯದು. ವೇದಿಕೆಯ ಮುಂದೆ ಇಡುವುದು ರಸ್ತೆಯ ಪೊಲೀಸ್ ಬೇಲಿ ಅಲ್ಲ. ಅದಕ್ಕೆ ಜನರ ಕಡೆಗೆ ಚಾಚಿದ ತಟ್ಟೆ ಉಂಟು, ಮುಂದಿನ ಸಾಲಿನವರು ಅದರ ಮೇಲೆ ನಿಂತ ಭಾರದಿಂದಲೇ ಬೇಲಿ ಮಗುಚದೆ ನಿಲ್ಲುವುದು. ಅದರ ಮೇಲೆ ಹತ್ತಿ ಕೂತರೆ, ಎಲ್ಲರೂ ಒಟ್ಟಿಗೆ ಹಿಡಿದು ಅಲ್ಲಾಡಿಸಿದರೆ ಜೋಡಣೆ ಸಡಿಲವಾಗುತ್ತದೆ. ಸಡಿಲ ಕಂಡರೆ ಒಳಗಿರುವ ಸೆಕ್ಯೂರಿಟಿಯವರಿಗೆ ಕೂಡಲೇ ತೋರಿಸಿ.

ಮಾಷ್ ಪಿಟ್, ಅಂದರೆ ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾ ಕುಣಿಯುವ ವೃತ್ತ, ತೆರೆದುಕೊಂಡರೆ ಅದರ ಅಂಚನ್ನು ಕಾಯುವುದು ಹಳೆಯ ಅಭಿಮಾನಿಗಳ ಕೆಲಸ. ಗಟ್ಟಿಮುಟ್ಟಾದ ನಾಲ್ಕೈದು ಜನ ವೃತ್ತದ ಅಂಚಿನಲ್ಲಿ ಕೈ ಮುಂದೆ ಮಾಡಿ ನಿಂತು, ಒಳಗಿನಿಂದ ಬಂದವರನ್ನು ಒಳಗೇ ತಿರುಗಿಸಬೇಕು. ಬೇಡದವರ ಮೇಲೆ ಬೀಳಬಾರದು. ಯಾರಾದರೂ ಬಿದ್ದರೆ ಇಬ್ಬರು ಎರಡೂ ಕೈ ಚಾಚಿ ಓಟ ನಿಲ್ಲಿಸಿ, ಮೂರನೆಯವರು ಕಂಕುಳಿಗೆ ಕೈ ಹಾಕಿ ಎತ್ತಿ. ಮಣಿಕಟ್ಟು ಹಿಡಿದು ಎಳೆದರೆ ಭುಜ ಜಾರುತ್ತದೆ. ಮುಳ್ಳಿನ ಬಳೆ, ಬೆನ್ನಿನ ಚೀಲ, ಜೇಬಿನಲ್ಲಿ ಬೀಗದ ಕೈ ಗೊಂಚಲು ಪಿಟ್ ಒಳಗೆ ಬೇಡ. ಲೇಸಿಗೆ ಎರಡು ಗಂಟು.

ನೀರು ಬೇಲಿಯ ಬುಡದಲ್ಲಿ ಸಿಗುವ ಭರವಸೆ ಇಲ್ಲ. ಒಳಗೆ ಹೋಗುವ ಎರಡು ಗಂಟೆ ಮೊದಲೇ ಊಟ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಅರ್ಧ ಲೀಟರ್ ನೀರು, ಗುಂಪಿನಲ್ಲಿ ಒಂದೆರಡು ಓಆರ್‌ಎಸ್ ಪೊಟ್ಟಣ.

ಕೋಥ್ರೂಡ್ ಕನ್ನಡಿಗ:

ಇಬ್ಬರಿಗೂ ತುಂಬಾ ಧನ್ಯವಾದ. ಮೂರು ಸಾಲಿನ ಯೋಜನೆ ಒಪ್ಪಿಗೆಯಾಯಿತು. ಹಾಗಾದರೆ ಬೇಲಿಗೇ ಅಂಟಿ ನಿಲ್ಲುವುದೋ, ಹಿಂದೆಯೋ? ಬೆಳಕಿನ ಬಗ್ಗೆಯೂ ಯಾರಾದರೂ ಹೇಳಿ. ಜೊತೆಗೆ, ಪುಣೆಯಲ್ಲಿ ಮುಂದೆ ಒಂದು ಕನ್ನಡ ಜಾನಪದ ರಾಕ್ ಬ್ಯಾಂಡ್ ಕರೆಸುವ ಮಾತಿದೆ. ಅಲ್ಲಿ ಮುಕ್ಕಾಲು ಪಾಲು ಕೇಳುಗರಿಗೆ ಕನ್ನಡ ಬರುವುದಿಲ್ಲ, ಅವರನ್ನು ಹಾಡಿಸುವುದು ಹೇಗೆ?

ಕನ್ಸೋಲ್ ಕಡೆಯವ:

ಬೇಲಿಗೆ ಅಂಟಿದರೆ ಬ್ಯಾಂಡು ಹತ್ತಿರ ಕಾಣುತ್ತದೆ, ಶಬ್ದ ಮಾತ್ರ ಅಷ್ಟಕ್ಕಷ್ಟೇ. ತೂಗುಹಾಕಿದ ಸ್ಪೀಕರುಗಳು ನಿಮ್ಮ ತಲೆ ದಾಟಿ ಹಿಂದಕ್ಕೆ ಗುರಿ ಇಟ್ಟಿರುತ್ತವೆ. ನಿಮಗೆ ಸಿಗುವುದು ವೇದಿಕೆಯ ಅಂಚಿನ ಚಿಕ್ಕ ಸ್ಪೀಕರ್, ಕೆಳಗೆ ಇಟ್ಟ ತಗ್ಗು ಸ್ವರದ ಸಬ್‌ವೂಫರ್, ನೇರವಾಗಿ ಬರುವ ಡ್ರಮ್ಮು. ಅತಿ ಶುದ್ಧ ಶಬ್ದ ಕನ್ಸೋಲ್ ಡೇರೆಯ ಹತ್ತಿರ, ಆದರೆ ಅಲ್ಲಿಂದ ನಿಮ್ಮ ದನಿ ವೇದಿಕೆಯ ಮೈಕಿಗೆ ಮುಟ್ಟದು. ನೀವು ಎತ್ತಿಕೊಡುವ ಗುಂಪಾಗಬೇಕಾದರೆ ವೇದಿಕೆಯಿಂದ 10ರಿಂದ 15 ಮೀಟರ್, ನಡುಗೆರೆಯಿಂದ ಸ್ವಲ್ಪ ಬದಿಗೆ.

ಕಿವಿಗೆ ಪ್ಲಗ್ ಮರೆಯಬೇಡಿ. 85 ಡೆಸಿಬೆಲ್ ಎಂಟು ಗಂಟೆ ತಡೆಯಬಹುದು ಅನ್ನುವ ಲೆಕ್ಕದಲ್ಲಿ ಪ್ರತಿ 3 ಡೆಸಿಬೆಲ್ಲಿಗೂ ಸಮಯ ಅರ್ಧವಾಗುತ್ತದೆ, 100ಕ್ಕೆ ಉಳಿಯುವುದು 15 ನಿಮಿಷ. ಫೋಮ್ ಪ್ಲಗ್ ಅಗ್ಗ, ಆದರೆ ಮೇಲಿನ ಸ್ವರಗಳನ್ನು ಹೆಚ್ಚು ನುಂಗಿ ಮಬ್ಬಾಗಿ ಕೇಳಿಸುತ್ತದೆ. ಫಿಲ್ಟರ್ ಇರುವ ಸಂಗೀತಗಾರರ ಪ್ಲಗ್ 15ರಿಂದ 20 ಡೆಸಿಬೆಲ್ ಸಮನಾಗಿ ಇಳಿಸುತ್ತದೆ. ಫೋಮನ್ನು ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ತೂರಿಸಿ, ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿಹಿಡಿಯಿರಿ. ಪ್ಲಗ್ ಹಾಕಿದಾಗ ಸ್ವಂತ ದನಿ ತಲೆಯೊಳಗೆ ದೊಡ್ಡದಾಗಿ ಕೇಳುತ್ತದೆ. ಒಟ್ಟಾಗಿ ಹಾಡುವವರಿಗೆ ಶ್ರುತಿ ಹಿಡಿಯಲು ಅದು ಅನುಕೂಲವೇ.

ಹಡಪ್ಸರದ ಧಾರವಾಡದಾಕಿ:

ಬೆಳಕಿಂದ ನಾ ಹೇಳ್ತೀನಿ ನೋಡ್ರಿ. ವೇದಿಕಿ ಮ್ಯಾಲ ಲೈಟ್ ಉರಿಯೂ ಹೊತ್ತಿನ್ಯಾಗ ಹಾಡವರಿಗೆ ಮುಂದಿನ ನಾಕೈದು ಸಾಲಿನ ಮಂದಿ ಬಿಟ್ರ ಹಿಂದ ಏನೂ ಕಾಣಂಗಿಲ್ಲ, ಎಲ್ಲಾ ಕಪ್ಪು. ಅದಕ್ಕ ನಿಮ್ಮ ಬಣ್ಣದ ಬೆಳಕು ಎತ್ತೂದು ವೇದಿಕಿ ಕತ್ತಲಾದಾಗ, ಇಲ್ಲಾ ಒಂದ ನೀಲಿ ಲೈಟ್ ಉಳಿದಾಗ. ಮೊಬೈಲ್ ಟಾರ್ಚಿಗೆ ಜಿಲೇಟಿನ್ ಹಾಳಿ ಒಂದ ಪದರ ಹಾಕಿದ್ರ ಬೆಳ್ಳಗ ಕಾಣತೈತಿ, ಮೂರು ಪದರ ಹಾಕ್ರಿ. ಕೆಂಪು, ಹಳದಿ ಛಂದ ಕಾಣತಾವ. ನೀಲಿ ಭಾಳ ಮಬ್ಬು. ಒಂದೂವರಿ ಇಂಚಿನ ಚೌಕ ಕತ್ತರಿಸಿ ರಬ್ಬರ್ ಬ್ಯಾಂಡ್ ಹಾಕ್ರಿ, ಟೇಪ್ ಹಚ್ಚಿದ್ರ ಕ್ಯಾಮೆರಾ ಗಾಜಿಗೆ ಅಂಟು ಕೂಡತೈತಿ. 35 ಟಾರ್ಚ್ ಒಂದ ಕಡೆ ಇದ್ರ ಮಾತ್ರ ಕಣ್ಣಿಗೆ ಬೀಳತಾವ, ಚೆದುರಿದ್ರ ಇದ್ದೂ ಇಲ್ಲಧಂಗ. ಸುತ್ತಲಿನ ಮಂದಿಗೆ ಕೊಡಾಕ ಹೆಚ್ಚಿನ ಚೌಕ ಒಯ್ಯಿರಿ, ಸಾಲಿನ್ಯಾಗ ನಿಂತಾಗ ಹಂಚ್ರಿ, ಆಮ್ಯಾಲ ನೆಲದ ಮ್ಯಾಲ ಬಿದ್ದದ್ದು ಆರಿಸಿಕೊಂಡ ಬರ್ರಿ.

ಕೋಲಿನ ಬಾವುಟ, ಸೆಲ್ಫಿ ಸ್ಟಿಕ್, ಛತ್ರಿ, ಪವರ್ ಬ್ಯಾಂಕ್ ಗೇಟಿನ್ಯಾಗ ತಡಿಯೂದ ಹೆಚ್ಚು. ನಿಯಮ ಟಿಕೆಟ್ ಪುಟದಾಗ ಓದ್ಕೊಂಡ ಹೋಗ್ರಿ. ಬರದ ಫಲಕ ಒಯ್ದ್ರ ಹಾಡು ಮುಗದಾಗ ಹತ್ತು ಸೆಕೆಂಡ್ ಎತ್ತಿ ಇಳಸ್ರಿ. ಹಿಂದ ಸಣ್ಣ ಹುಡುಗಿ ನಿಂತಿರತಾಳ, ಆಕೀನೂ ರೊಕ್ಕಾ ಕೊಟ್ಟಾಳ.

ಇನ್ನ ಪುಣೇದ್ದು. ಕನ್ನಡ ಬರದ ಮಂದೀನ್ನ ಹಾಡಸಬೇಕಂದ್ರ ಪೂರ್ತಿ ಪಲ್ಲವಿ ಕಲಸಾಕ ಹೋಗಬ್ಯಾಡ್ರಿ. ಭಜನಿ ಮ್ಯಾಳದಾಗ ಮುಂದಿನವ ಹೇಳಿದ್ದನ್ನ ಹಿಂದಿನವರು ಹಿಡದಂಗ, ನಾಕೈದು ಅಕ್ಷರದ ಒಂದ ತುಣುಕು ಸಾಕು. ಕೊನೀ ಅಕ್ಷರ ಸ್ವರಾ ಎಳಿಯೂವಂಗ ಇರಬೇಕು, ‘ಆ’ ಇಲ್ಲಾ ‘ಓ’. ಒತ್ತಕ್ಷರ, ‘ಳ’ ಇದ್ದಲ್ಲೆ ಹಿಂದಿ ಮಂದಿ ತಡವರಸ್ತಾರ. ಮರಾಠಿಯವರಿಗೆ ‘ಳ’ ಬರತೈತಿ, ಪುಣೇದಾಗ ಅದೊಂದು ಅನುಕೂಲ. ಶರೀಫರ ತತ್ವಪದಗಳನ್ನ ರಾಕ್ ಮಾಡಿ ಹಾಡೂ ಬ್ಯಾಂಡು ಅದಾವ, ಅಂಥಾ ಪದಗಳೊಳಗ ಮತ್ತ ಮತ್ತ ಬರೂ ತುಣುಕು ಇದ್ದ ಇರತೈತಿ. ನೀವು 30 ಮಂದಿ ಮೊದಲ ಎರಡು ಸಲ ಗಟ್ಟಿಯಾಗಿ ಹೇಳ್ರಿ, ಮೂರನೇ ಸಲ ನಿಮ್ಮ ಬಾಯಿ ಸಣ್ಣ ಮಾಡಿ ಕೈ ಅವರ ಕಡೆ ತೋರಸ್ರಿ. ನೀವ ಕೂಗ್ತಾ ಇದ್ರ ಅವರು ಕೇಳ್ಕೋತ ನಿಂತಬಿಡ್ತಾರ. ಕನ್ನಡದವರೆಲ್ಲಾ ಒಂದ ಮೂಲಿಗೆ ಕೂಡಬಾರದು, ಚಪ್ಪಾಳಿಗೆ ಗುಂಪು ಬೇಕು, ಇದಕ್ಕ ಆರಾರು ಮಂದಿಯ ಐದು ಗುಂಪು ಮಾಡಿ ಅಲ್ಲಲ್ಲೆ ನಿಲ್ರಿ. ಬ್ಯಾಂಡಿನವರಿಗೂ ಮೊದಲ ತಿಳಸ್ರಿ, ಆ ಜಾಗದಾಗ ನಾಕು ಸುತ್ತು ಹೆಚ್ಚು ನುಡಸ್ತಾರ.

ನೆರೂಳ್ ಮಂಗಳೂರಿಗ:

ಅಕ್ಕ ಹೇಳಿದ್ದು ಸರಿ ಉಂಟು. ಸಮಯದ ಬಗ್ಗೆ ಒಂದು ಮಾತು ಬಾಕಿ. 2000ದ ಶಬ್ದಮಾಲಿನ್ಯ ನಿಯಮದಂತೆ ತೆರೆದ ಜಾಗದಲ್ಲಿ ಧ್ವನಿವರ್ಧಕ ರಾತ್ರಿ 10ಕ್ಕೆ ನಿಲ್ಲಬೇಕು, ಸರಕಾರ ಮಧ್ಯರಾತ್ರಿವರೆಗೆ ಸಡಿಲಿಸಬಹುದಾದದ್ದು ವರ್ಷಕ್ಕೆ ಹೆಚ್ಚೆಂದರೆ 15 ದಿನ. ಆಸ್ಪತ್ರೆ, ಶಾಲೆ, ಕೋರ್ಟಿನ 100 ಮೀಟರ್ ಸುತ್ತ ಸರಕಾರ ನಿಶ್ಶಬ್ದ ವಲಯ ಅಂತ ಘೋಷಿಸಬಹುದು. 1986ರಲ್ಲಿ ಶುರುವಾದ ಇಂಡಿಪೆಂಡೆನ್ಸ್ ರಾಕ್ ಸಂಗೀತ ಉತ್ಸವ ವರ್ಷಗಟ್ಟಲೆ ನಡೆದ, ಮುಂಬಯಿಯ ಧೋಬಿ ತಲಾವ್‌ನ ರಂಗಭವನ ಈ ಕಾರಣಕ್ಕೇ ಸಂಗೀತಕ್ಕೆ ಮುಚ್ಚಿತು. ಹಾಗಾಗಿ ‘ಒನ್ಸ್ ಮೋರ್’ ಕೂಗು 10 ಗಂಟೆ ಆದ ಮೇಲೆ ಎಷ್ಟು ಹಾಕಿದರೂ ಉಪಯೋಗ ಇಲ್ಲ. ಬ್ಯಾಂಡು ಕೊನೆಯ ಹಾಡಿಗೆ ಮೊದಲು ಒಳಗೆ ಹೋದ ಕೂಡಲೇ ಶುರು ಮಾಡಿ, ಅವರು ಬರುವವರೆಗೆ ಬಿಡಬೇಡಿ.

ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಗೇಟಿಗೆ ಓಡುವುದು ಬೇಡ, 20 ನಿಮಿಷ ಮೈದಾನದಲ್ಲೇ ಕೂತು ಬನ್ನಿ. ಮಹಾಲಕ್ಷ್ಮಿಯಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದಿಲ್ಲ, ಸ್ಲೋ ಹಿಡಿದು ದಾದರ್‌ಗೆ ಬನ್ನಿ. ಡೊಂಬಿವಿಲಿಯವರಿಗೆ ಅಲ್ಲೇ ಸೆಂಟ್ರಲ್ ಲೈನ್, ಪುಣೆಯವರಿಗೆ ಅಲ್ಲಿಂದಲೇ ಬಸ್. ಜನಜಂಗುಳಿಯಲ್ಲಿ ಮೊಬೈಲ್ ನೆಟ್‌ವರ್ಕ್ ಸಿಗುವುದಿಲ್ಲ, ಸೇರುವ ಜಾಗ ಮತ್ತು ಗಂಟೆಯನ್ನು ಒಳಗೆ ಹೋಗುವ ಮೊದಲೇ ಎಲ್ಲರಿಗೂ ಕಾಗದದಲ್ಲಿ ಬರೆದು ಕೊಡಿ.