ಘಟ್ಟದ ಹಳೇ ಎತ್ತಿನ ದಾರಿ, ಪಾಳುಬಿದ್ದ ಊರು: ಹಳೇ ನಕ್ಷೆ ಹಿಡಿದು ಹುಡುಕಿದವರು ಅನುಭವ ಹೇಳಿ

ಕೇಳಿದವರು:

ನಮಸ್ಕಾರ. ನಮ್ಮ ಅಜ್ಜಿಯ ತವರು ಕಳಸದಿಂದ ಆಚೆ, ಘಟ್ಟದ ಅಂಚಿನಲ್ಲಿತ್ತು. ಅಲ್ಲಿಂದ ಎತ್ತುಗಳ ಮೇಲೆ ಅಡಿಕೆ ಹೇರಿಕೊಂಡು ಬೆಳ್ತಂಗಡಿ ಕಡೆಗೆ ಇಳಿಯುತ್ತಿದ್ದರಂತೆ. ಹತ್ತುವಾಗ ಉಪ್ಪು, ಒಣಮೀನು. ಈಗ ಆ ಊರೂ ಇಲ್ಲ, ದಾರಿಯೂ ಇಲ್ಲ. ಗೂಗಲ್ ಮ್ಯಾಪಿನಲ್ಲಿ ಬರೀ ಹಸಿರು ಕಾಣುತ್ತೆ. 1800ರ ಆಸುಪಾಸಿನ ಒಂದು ನಕ್ಷೆ ಡೌನ್‌ಲೋಡ್ ಮಾಡಿಕೊಂಡೆ, ತಲೆಬುಡ ಅರ್ಥ ಆಗಲಿಲ್ಲ. ಎಲ್ಲಿಂದ ಶುರು ಮಾಡಲಿ?

ಮೂಡಿಗೆರೆಯಿಂದ ಒಬ್ಬರು:

ಮೊದಲು ಆ ತೀರಾ ಹಳೇ ನಕ್ಷೆಯನ್ನು ಬದಿಗಿಡಿ. ಎಲ್ಲರೂ ಶುರು ಮಾಡೋದು ಅಲ್ಲಿಂದಲೇ, ಸಿಕ್ಕಿಹಾಕಿಕೊಳ್ಳೋದೂ ಅಲ್ಲೇ. ಹೊಸದರಿಂದ ಹಿಂದಕ್ಕೆ ಹೋಗಬೇಕು. ಇವತ್ತಿನ ನಕ್ಷೆಯಲ್ಲಿ ನಿಮಗೆ ಗೊತ್ತಿರುವ ಒಂದು ಹೊಳೆ ಕೂಡು, ಒಂದು ಗುಡ್ಡದ ನೆತ್ತಿ, ಒಂದು ದೇವಸ್ಥಾನ ಗುರುತು ಮಾಡಿಕೊಳ್ಳಿ. ಅವೇ ಜಾಗಗಳನ್ನು ಅದಕ್ಕಿಂತ ಹಳೇ ಹಾಳೆಯಲ್ಲಿ ಹುಡುಕಿ. ಸಿಕ್ಕಿದ ಮೇಲೆ ಇನ್ನೊಂದು ಹೆಜ್ಜೆ ಹಿಂದೆ. ಮನುಷ್ಯರ ಹೆಸರು, ಊರಿನ ಹೆಸರು ಬದಲಾಗುತ್ತೆ. ಹೊಳೆ ಅಷ್ಟು ಸುಲಭಕ್ಕೆ ಜಾಗ ಬದಲಿಸೋದಿಲ್ಲ.

ನಿಮ್ಮ ಕೆಲಸಕ್ಕೆ ಮುಖ್ಯವಾಗಿ ಬೇಕಾದದ್ದು ಸರ್ವೆ ಆಫ್ ಇಂಡಿಯಾದ ಟೋಪೋಶೀಟ್, ಅಂದರೆ ಗುಡ್ಡ, ಹೊಳೆ, ದಾರಿ, ಊರು ಎಲ್ಲ ತೋರಿಸುವ ನಕ್ಷೆಹಾಳೆ. ಹಳೇವು ಒಂದು ಮೈಲಿಗೆ ಒಂದು ಇಂಚಿನ ಹಾಳೆಗಳು, ಆಮೇಲಿನವು 1:50,000, ಅಂದರೆ ಹಾಳೆಯ ಎರಡು ಸೆಂಟಿಮೀಟರ್ ನೆಲದ ಮೇಲೆ ಒಂದು ಕಿಲೋಮೀಟರ್. ಹಾಳೆಯ ನಂಬರ್ ನೋಡಿ ಹೆದರಬೇಡಿ. ಅಕ್ಷಾಂಶ 12ರಿಂದ 16, ರೇಖಾಂಶ 72ರಿಂದ 76, ಈ ದೊಡ್ಡ ಚೌಕ 48. ಅದರೊಳಗೆ ಒಂದೊಂದು ಡಿಗ್ರಿಗೆ ಒಂದೊಂದು ಇಂಗ್ಲಿಷ್ ಅಕ್ಷರ, ಒಂದು ಡಿಗ್ರಿಯೊಳಗೆ ಮತ್ತೆ 16 ಹಾಳೆ. ಕಳಸ ಮತ್ತು ಕುದುರೆಮುಖ ಶಿಖರ ಎರಡೂ 48 ಓ/8ರಲ್ಲಿ ಬರುತ್ತವೆ. ಕೆಳಗೆ ಬೆಳ್ತಂಗಡಿ ಸುತ್ತಮುತ್ತಲಿಗೆ 48 ಪಿ/5 ಬೇಕು. ಕುದುರೆಮುಖ ಪಟ್ಟಣ 75 ಡಿಗ್ರಿ 15 ನಿಮಿಷದ ಗೆರೆಯ ಹತ್ತಿರವೇ ಇರೋದರಿಂದ ಪಕ್ಕದ 48 ಓ/4 ಕೂಡ ಇಟ್ಟುಕೊಳ್ಳಿ. ಹುಡುಕುವ ಊರು ಯಾವಾಗಲೂ ಹಾಳೆಯ ಮೂಲೆಯಲ್ಲೇ ಇರುತ್ತೆ, ಇದೊಂದು ಶಾಪ.

ಈಗಿನ ಓಪನ್ ಸೀರೀಸ್ (ಸಾರ್ವಜನಿಕರಿಗೆ ಕೊಡುವ) ಹಾಳೆಗಳು ಸರ್ವೆ ಆಫ್ ಇಂಡಿಯಾ ಪೋರ್ಟಲ್‌ನಲ್ಲಿ ಪಿಡಿಎಫ್ ಆಗಿ ಉಚಿತ. ಅವುಗಳ ನಂಬರ್ ಬೇರೆ ಥರ, ಡಿ43 ಅಂತ ಶುರುವಾಗುತ್ತೆ. ಅಮೆರಿಕದ ಸೇನೆ 1950ರ ದಶಕದಲ್ಲಿ ಮಾಡಿದ 1:250,000 ನಕ್ಷೆಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಲೈಬ್ರರಿ ತಾಣದಲ್ಲಿವೆ. ಒಂದು ಜಿಲ್ಲೆಯ ಅಂದಾಜಿಗೆ ಸಾಕು, ಎತ್ತಿನ ದಾರಿ ಹುಡುಕೋಕೆ ಸಾಲದು.

ಇನ್ನು ಹಾಳೆ ಓದೋದು. ಎಲ್ಲರೂ ನೇರವಾಗಿ ನಕ್ಷೆ ನೋಡ್ತಾರೆ. ನೀವು ಮೊದಲು ಕೆಳಗಿನ ಅಂಚಿನ ಚಿಹ್ನೆಗಳ ಪಟ್ಟಿ ಓದಿ. ಅದರಲ್ಲಿ ಗಾಡಿದಾರಿ, ಹೇರಿನ ಎತ್ತು–ಕುದುರೆ ಹೋಗುವ ದಾರಿ, ಕಾಲುದಾರಿ ಮೂರಕ್ಕೂ ಬೇರೆ ಬೇರೆ ಗೆರೆ. ನಿಮಗೆ ಬೇಕಾದದ್ದು ನಡುವಿನದು. ಊರುಗಳಿಗೂ ಹಾಗೇ: ಜನ ಇರುವ ಊರಿಗೊಂದು ಚಿಹ್ನೆ, ಬಿಟ್ಟುಹೋದ ಊರಿಗೊಂದು ಚಿಹ್ನೆ. ಸರ್ವೆಯವರು ಬರುವ ಹೊತ್ತಿಗೇ ಪಾಳು ಬಿದ್ದಿದ್ದ ಊರುಗಳು ಈ ಎರಡನೇ ಗುರುತಿನಲ್ಲಿ ಸಿಗುತ್ತವೆ. ಆಮೇಲೆ ಖಾಲಿಯಾದವು ಹಳೇ ಹಾಳೆಯಲ್ಲಿ ಮನೆಗಳಾಗಿ ಕಾಣುತ್ತವೆ, ಹೊಸದರಲ್ಲಿ ಮಾಯ. ಎರಡು ಹಾಳೆ ಪಕ್ಕಪಕ್ಕ ಇಟ್ಟು ಇದನ್ನೇ ನೋಡಬೇಕು.

ನಿಮ್ಮ ಕಡೆಯ ಜಾಗವೇ ಇದಕ್ಕೆ ಒಳ್ಳೇ ಪಾಠ. ಕುದುರೆಮುಖ ಅದಿರು ಕಂಪನಿ ಹುಟ್ಟಿದ್ದು 1976ರಲ್ಲಿ, ಗಣಿಗಾರಿಕೆ ನಿಂತದ್ದು 2005ರ ಕೊನೆಗೆ. 1976ಕ್ಕಿಂತ ಹಿಂದಿನ ಹಾಳೆಯಲ್ಲಿ ಆ ಪಟ್ಟಣ ಇಲ್ಲ, ಲಕ್ಯಾ ಅಣೆಕಟ್ಟೆಯೂ ಇಲ್ಲ. ಅಲ್ಲಿ ಹೊಳೆ, ಹುಲ್ಲುಗುಡ್ಡ, ಚದುರಿದ ಮನೆಗಳು ಇರುತ್ತವೆ. ಶಿಖರದ ಹತ್ತಿರ ಕಲ್ಲುಕಟ್ಟಡದ ಅವಶೇಷ ನೋಡಿ ಚಾರಣಕ್ಕೆ ಬಂದವರು ಏನೇನೋ ಕತೆ ಕಟ್ಟುತ್ತಾರಲ್ಲ, ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡದ ಅಧಿಕಾರಿಗಳು ಬೇಸಿಗೆಗೆ ಅಲ್ಲಿಗೆ ಹತ್ತುತ್ತಿದ್ದರು. ಅಂದರೆ ಕರಾವಳಿ ಕಡೆಯಿಂದ ಕುದುರೆ, ಸಾಮಾನು ಏರುವಷ್ಟು ಒಳ್ಳೇ ದಾರಿ ಇರಲೇಬೇಕಲ್ವಾ? ಹಳೇ ಹಾಳೆಯಲ್ಲಿ ನಾನು ಮೊದಲು ನೋಡೋದು ಇಂಥ ದಾರಿಯನ್ನೇ.

ಇನ್ನು ನೀವು ಇಳಿಸಿಕೊಂಡ 1800ರ ನಕ್ಷೆ. ಅದನ್ನು ಯಾರು ಯಾಕೆ ಮಾಡಿದರು ಅನ್ನೋದು ಗೊತ್ತಿದ್ದರೆ ಮಾತ್ರ ಅರ್ಥ ಆಗುತ್ತೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾಲಿನ್ ಮೆಕೆಂಜಿಗೆ ಮೈಸೂರು ಸೀಮೆಯ ಸರ್ವೆ ಒಪ್ಪಿಸಿದರು. ಹೊಸದಾಗಿ ಕೈಗೆ ಬಂದ ನೆಲದಲ್ಲಿ ಕೋಟೆ ಎಲ್ಲಿ, ಗಡಿ ಎಲ್ಲಿ, ಕೆರೆ ಎಷ್ಟು, ಫಿರಂಗಿ ಇಳಿಸುವಂಥ ಘಾಟಿ ಯಾವುದು, ಇದೆಲ್ಲ ಅವರಿಗೆ ಬೇಕಿತ್ತು. ಅಡಿಕೆ ಹೇರಿನ ಸಣ್ಣ ದಾರಿ ಯಾರಿಗೆ ಬೇಕು? ಹಾಗಾಗಿ ಅಲ್ಲಿ ಖಾಲಿ ಬಿಟ್ಟ ಜಾಗ ನೋಡಿ ಇಲ್ಲಿ ಜನವೇ ಇರಲಿಲ್ಲ ಅಂತ ತೀರ್ಮಾನಿಸಬೇಡಿ. ಗುಡ್ಡಗಳನ್ನೂ ಸಣ್ಣ ಸಣ್ಣ ಗೀರು ಎಳೆದು ತೋರಿಸಿರುತ್ತಾರೆ, ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಕಾಂಟೂರ್ ಗೆರೆ ಇರೋದಿಲ್ಲ. ಏರು ಯಾವ ಕಡೆಗೆ ಅಂತ ತಿಳಿಯುತ್ತೆ, ಎಷ್ಟು ಅಂತ ತಿಳಿಯೋದಿಲ್ಲ.

ಅದೇ ಹೊತ್ತಿಗೆ, 1800–01ರಲ್ಲಿ, ಫ್ರಾನ್ಸಿಸ್ ಬುಕಾನನ್ ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ (ನಮ್ಮ ಕರಾವಳಿ ಸೀಮೆ), ಮಲಬಾರ್ ಸುತ್ತಿದ. 1807ರಲ್ಲಿ ಬಂದ ಅವನ ಮೂರು ಸಂಪುಟ ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಯಾವ ದಿನ ಎಲ್ಲಿ ಉಳಿದ, ಏನು ಬೆಳೆ, ಯಾವ ಸರಕು ಎಲ್ಲಿಗೆ ಹೋಗುತ್ತೆ ಅಂತೆಲ್ಲ ಬರೆದಿದ್ದಾನೆ. ನಕ್ಷೆಯ ಖಾಲಿ ಜಾಗಕ್ಕೆ ಇಂಥ ದಿನಚರಿಯೇ ಗತಿ.

ನಿವೃತ್ತ ಭೂಮಾಪಕರು:

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ನಮ್ಮ ಇಲಾಖೆಯ ನಕ್ಷೆಯನ್ನೇ ಮರೆತಿದ್ದಾರೆ. ಟೋಪೋಶೀಟ್‌ನಲ್ಲಿ ಊರು ಒಂದು ಚುಕ್ಕೆ. ಗ್ರಾಮ ನಕ್ಷೆಯಲ್ಲಿ ಹಳ್ಳ, ಕೆರೆ, ದಾರಿ, ಒಂದೊಂದು ಸರ್ವೆ ನಂಬರ್ ಕಾಣುತ್ತೆ. ಭೂದಾಖಲೆಗಳ ಇಲಾಖೆಯ ತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ ಆರಿಸಿದರೆ ಪಿಡಿಎಫ್ ಸಿಗುತ್ತೆ.

ಹಳೇ ಮೈಸೂರಿನಲ್ಲಿ ರೆವಿನ್ಯೂ ಸರ್ವೆ ಶುರುವಾದದ್ದು 1863ರಲ್ಲಿ, ಬಾಂಬೆ ಪದ್ಧತಿಯಲ್ಲಿ. ಅಳತೆಯ ಸರಪಳಿ, ಅಂದರೆ ಚೈನು, 33 ಅಡಿ; ಅದರ 16 ಭಾಗಕ್ಕೆ ಆಣೆ ಅಂತ ಹೆಸರು. ಒಂದು ಚೈನು ಉದ್ದ ಒಂದು ಚೈನು ಅಗಲ ಅಂದರೆ ಒಂದು ಗುಂಟೆ. ನಿಮಗೆ ಬೇಕಾದದ್ದು ಎರಡು. ಒಂದು, ಬೇಚರಾಕ್ ಗ್ರಾಮ, ಅಂದರೆ ಜನವಸತಿ ಇಲ್ಲದ ಊರು. ಜನ ಇಲ್ಲದಿದ್ದರೂ ಕಾಗದದಲ್ಲಿ ಊರು ಊರೇ, ಅದಕ್ಕೆ ಗಡಿ ಇದೆ, ನಕ್ಷೆ ಇದೆ. ನಿಮ್ಮ ಅಜ್ಜಿಯ ತವರು ಬೇಚರಾಕ್ ಆಗಿ ದಾಖಲೆಯಲ್ಲಿ ಉಳಿದಿರಬಹುದು. ತಾಲ್ಲೂಕು ಕಚೇರಿಯಲ್ಲಿ ಹೋಬಳಿವಾರು ಗ್ರಾಮಗಳ ಪಟ್ಟಿ ಕೇಳಿ.

ಎರಡು, ಬಿ ಖರಾಬು. ಖರಾಬು ಅಂದರೆ ಸಾಗುವಳಿಗೆ ಸೇರದ ನೆಲ. ದಾರಿ, ಹಳ್ಳ, ಸಾರ್ವಜನಿಕರಿಗೆ ಬಿಟ್ಟ ನೆಲ ಆಕಾರ್‌ಬಂದ್‌ನಲ್ಲಿ (ಸರ್ವೆ ನಂಬರ್‌ವಾರು ವಿಸ್ತೀರ್ಣ, ಕಂದಾಯದ ಪಟ್ಟಿ) ಬಿ ಖರಾಬು ಅಂತ ಬೇರೆ ತೋರಿಸಿರುತ್ತೆ. ಈಗ ಅಲ್ಲಿ ಕಾಫಿ ಗಿಡ ಬೆಳೆದಿರಬಹುದು, ಲಂಟಾನ ಮುಚ್ಚಿರಬಹುದು. ಒಂದರ ಪಕ್ಕ ಒಂದು ಸರ್ವೆ ನಂಬರಿನಲ್ಲಿ ಸ್ವಲ್ಪ ಸ್ವಲ್ಪ ಖರಾಬು ಸಾಲಾಗಿ ಬಂತು ಅಂದರೆ ಅಲ್ಲೊಂದು ದಾರಿಯೋ ಹಳ್ಳವೋ ಇತ್ತು ಅಂತಲೇ ಲೆಕ್ಕ. ಯಾವುದು ಅಂತ ಮೂಲ ಟಿಪ್ಪಣಿ (ಅಳತೆ ಮಾಡಿದಾಗಿನ ಸರ್ವೆ ದಾಖಲೆ) ನೋಡಿದರೆ ಗೊತ್ತಾಗುತ್ತೆ.

ಇನ್ನೊಂದು ಮಾತು. ಘಟ್ಟದಲ್ಲಿ ಈ ದಾರಿಗಳು ಗ್ರಾಮದ ಗಡಿಗೆ ಬಂದು ಗಕ್ಕನೆ ನಿಂತುಬಿಡುತ್ತವೆ. ದಾರಿ ಮುಗಿದದ್ದಲ್ಲ, ಸರ್ವೆ ಮುಗಿದದ್ದು. ಮೇಲಿನದು ಮೈಸೂರು ಸಂಸ್ಥಾನ, ಕೆಳಗಿನ ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿಗೆ ಸೇರಿತ್ತು. ಅಳತೆ ಪದ್ಧತಿ ಬೇರೆ, ಕಡತ ಬೇರೆ. ಉತ್ತರ ಕನ್ನಡ 1862ರಿಂದ ಬಾಂಬೆ ಪ್ರಾಂತ್ಯ. ಆದ್ದರಿಂದ ದಾರಿಯ ಮುಂದಿನ ತುಂಡು ಪಕ್ಕದ ಜಿಲ್ಲೆಯ ನಕ್ಷೆಯಲ್ಲಿ ಹುಡುಕಬೇಕು. ನಿಮ್ಮ ಕಡೆ ಇದು ಇನ್ನೂ ಗೋಜಲು: ಎಳನೀರು ಅನ್ನೋ ಊರು ಇರೋದು ಘಟ್ಟದ ಮೇಲೆ, ಸಂಸೆ ಪಕ್ಕ, ಆದರೆ ಬೆಳ್ತಂಗಡಿ ತಾಲ್ಲೂಕು. ಅಜ್ಜಿಯ ಊರಿನ ಕಾಗದ ಕೂಡ ಚಿಕ್ಕಮಗಳೂರಿನಲ್ಲಿ ಸಿಗದಿದ್ದರೆ ಕೈಬಿಡಬೇಡಿ, ಕೆಳಗಡೆ ವಿಚಾರಿಸಿ.

ಬೆಳ್ತಂಗಡಿಯಿಂದ ಒಬ್ಬರು:

ಹೌದು ಮಾರಾಯ್ರೆ, ಎಳನೀರಿನಿಂದ ದಿಡುಪೆಗೆ ಇಳಿಯುವ ದಾರಿಯಲ್ಲಿ ಈಗಲೂ ಓಡಾಟ ಇದೆ. ಹಿರಿಯರನ್ನು ಕೇಳುವಾಗ ಮಾತ್ರ ನಕ್ಷೆ ಬಿಚ್ಚಿ ಮುಂದಿಡಬೇಡಿ. ನಕ್ಷೆ ನೋಡಿದ ಕೂಡಲೇ ನೀವು ಹೇಳಿದ್ದಕ್ಕೆಲ್ಲ ಹೌದು ಹೌದು ಅಂತಾರೆ. "ಹೇರು ಎಲ್ಲಿ ಇಳಿಸ್ತಿದ್ರಿ? ಎತ್ತಿಗೆ ನೀರು ಎಲ್ಲಿ? ರಾತ್ರಿ ಎಲ್ಲಿ ಉಳೀತಿದ್ರಿ?" ಹೀಗೆ ಕೇಳಿ. ಆ ಜಾಗಗಳನ್ನು ಮನೆಗೆ ಬಂದ ಮೇಲೆ ಹಾಳೆಯಲ್ಲಿ ಗುರುತು ಮಾಡಿ.

ನೆಲದ ಮೇಲೆ ದಾರಿ ಗುರುತಿಸೋದು ಹೀಗೆ. ವರ್ಷಾನುಗಟ್ಟಲೆ ಗೊರಸು ತುಳಿದು, ಮಳೆನೀರು ಹರಿದು, ಮುರಕಲ್ಲಿನಲ್ಲಿ (ಜಂಬಿಟ್ಟಿಗೆ) ಆಳದ ಓಣಿ ಆಗಿರುತ್ತೆ. ಎರಡೂ ಬದಿ ಎದೆಮಟ್ಟ ಧರೆ. ನೇರ ಏರಿನಲ್ಲಿ ಇರೋದಿಲ್ಲ, ಹೇರೆತ್ತು ಹತ್ತುವ ಹಾಗೆ ಹಾವಿನಂತೆ ಸುತ್ತಿಕೊಂಡು ಹೋಗುತ್ತೆ. ತಿರುವಿನಲ್ಲಿ ಹೊರಬದಿಗೆ ಕಲ್ಲು ಪೇರಿಸಿದ್ದರೆ ಅದು ಮಳೆನೀರಿನ ಕಾಲುವೆ ಅಲ್ಲ, ಮನುಷ್ಯರ ದಾರಿಯೇ. ಹಳೇ ಊರಿದ್ದ ಜಾಗಕ್ಕೆ ಕಾಡಿನ ನಡುವೆ ಮಾವು, ಹಲಸು, ಮುಚ್ಚಿಹೋದ ಬಾವಿ, ಒರಳುಕಲ್ಲು, ತುಳಸಿಕಟ್ಟೆಯ ಬುಡ ನೋಡಿ. ಭೂತದ ಕಲ್ಲಿದ್ದರೆ ಮುಟ್ಟಬೇಡಿ. ಊರು ಬಿಟ್ಟವರು ವರ್ಷಕ್ಕೊಮ್ಮೆ ಬಂದು ದೀಪ ಇಡುವ ಜಾಗ ಆಗಿರಬಹುದು.

ಮಡಿಕೇರಿಯಿಂದ:

ಕೊಡಗಿನ ಕಡೆ ಹುಡುಕುವವರಿಗೂ ಇಲ್ಲೇ ಹೇಳಿಬಿಡ್ತೀನಿ. 1815–17ರಲ್ಲಿ ಲೆಫ್ಟಿನೆಂಟ್ ಕಾನರ್ ಕೊಡಗಿನ ಸರ್ವೆ ಮಾಡಿದ. ಆಗಿನ್ನೂ ರಾಜರ ಆಳ್ವಿಕೆ, ಬ್ರಿಟಿಷರು ತೆಗೆದುಕೊಂಡದ್ದು 1834ರಲ್ಲಿ. ಕಾಫಿ ತೋಟಗಳು ಹಬ್ಬುವ ಮೊದಲಿನ ಕೊಡಗು ಹೇಗಿತ್ತು ಅಂತ ನೋಡೋಕೆ ಅವನ ವರದಿ ಬೇಕೇ ಬೇಕು. 1870ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಸುಳ್ಯದವರೂ ಇದನ್ನು ಗಮನಿಸಿ: ಅಮರಸುಳ್ಯ 1834ರವರೆಗೆ ಕೊಡಗಿನ ರಾಜರ ಕೈಯಲ್ಲಿತ್ತು, ಆಮೇಲೆ ಕೆನರಾಕ್ಕೆ ಸೇರಿತು.

ನಮ್ಮಲ್ಲಿ ಹುಡುಕೋಕೆ ಚೆಂದದ ವಿಷಯ ಅಂದರೆ ಕಡಂಗ. ಯುದ್ಧಕ್ಕೂ ಗಡಿಗೂ ತೋಡಿದ ಉದ್ದುದ್ದ ಕಂದಕಗಳು. ತೋಟದ ಮರಗಳ ನೆರಳಿನಲ್ಲಿ ಉಪಗ್ರಹ ಚಿತ್ರಕ್ಕೆ ಕಾಣೋದೇ ಇಲ್ಲ. ಗ್ರಾಮ ನಕ್ಷೆಯ ಗಡಿಗೆರೆ ಕಾರಣವಿಲ್ಲದೆ ಡೊಂಕಾಗಿ ಹೋಗಿದ್ದರೆ ಅಲ್ಲಿಗೆ ಹೋಗಿ ನೋಡಿ. ಹಳ್ಳವೂ ಇಲ್ಲ, ಏಣೂ ಇಲ್ಲ ಅಂದರೆ ಕಡಂಗ ಇರೋ ಸಾಧ್ಯತೆ ಜಾಸ್ತಿ.

ಸಾಗರದಿಂದ:

ಸಣ್ಣ ಸೇರ್ಪಡೆ. ಶರಾವತಿ ಮುಳುಗಡೆಯವರಿಗೆ 1964ಕ್ಕಿಂತ ಹಿಂದಿನ ಸರ್ವೆಯ ಹಾಳೆಯೇ ಬೇಕು, ಲಿಂಗನಮಕ್ಕಿ ಆದಮೇಲಿನದರಲ್ಲಿ ನೀಲಿ ಬಿಟ್ಟು ಏನೂ ಇಲ್ಲ. ಹಾಳೆ ಅಚ್ಚಾದ ವರ್ಷ ನಂಬಬೇಡಿ, ಸರ್ವೆ ಮಾಡಿದ ವರ್ಷ ನೋಡಿ. ಎರಡೂ ಅಂಚಿನಲ್ಲಿ ಬರೆದಿರುತ್ತೆ. ನೀರು ಇಳಿದ ವರ್ಷ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿರುವ ಹಳೇ ಮಡೆನೂರು ಅಣೆಕಟ್ಟು ಮೇಲೆ ಬರುತ್ತಲ್ಲ, ನಕ್ಷೆ ಹೊಂದಿಸೋಕೆ ಅದಕ್ಕಿಂತ ಒಳ್ಳೇ ಗುರುತು ಇಲ್ಲ.

ಕೇಳಿದವರು:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಕ್ಯೂಜಿಐಎಸ್ ಅನ್ನೋ ನಕ್ಷೆ ತಂತ್ರಾಂಶದಲ್ಲಿ ಹತ್ತೊಂಬತ್ತನೇ ಶತಮಾನದ ಒಂದು ಹಾಳೆ ಹಾಕಿ ನೋಡಿದೆ. ಅಂಚಿನ ಅಕ್ಷಾಂಶ–ರೇಖಾಂಶ ಕೊಟ್ಟೇ ಹೊಂದಿಸಿದ್ದು. ಆದರೆ ಊರುಗಳೆಲ್ಲ ಪೂರ್ವಕ್ಕೆ ಸರಿದು ಕೂತಿವೆ. ಕಳಸದ ಜಾಗದಲ್ಲಿ ಕಳಸ ಇಲ್ಲ. ನಕ್ಷೆಯೇ ತಪ್ಪಾ?

ಬೆಂಗಳೂರಿನಿಂದ, ಜಿಐಎಸ್ (ಕಂಪ್ಯೂಟರ್ ನಕ್ಷೆ) ಕೆಲಸದವರು:

ನಕ್ಷೆ ಸರಿ ಇದೆ, ಅಂಚಿನ ಅಂಕಿ ಹಳೇದು. ಆ ಕಾಲದ ಹಾಳೆಗಳ ರೇಖಾಂಶವೆಲ್ಲ ಮದ್ರಾಸ್ ವೀಕ್ಷಣಾಲಯದಿಂದ ಎಣಿಸಿದ್ದು. ಆ ವೀಕ್ಷಣಾಲಯದ ರೇಖಾಂಶವನ್ನೇ ಆಗ ಸುಮಾರು ಎರಡೂವರೆ ನಿಮಿಷ ಜಾಸ್ತಿ ಹಿಡಿದಿದ್ದರು. ನಮ್ಮ ಅಕ್ಷಾಂಶದಲ್ಲಿ ಅದು ಹೆಚ್ಚುಕಮ್ಮಿ ನಾಲ್ಕೂವರೆ ಕಿಲೋಮೀಟರ್. ಎಷ್ಟು ಕಳೆಯಬೇಕು ಅಂತ ಎಷ್ಟೋ ಹಾಳೆಗಳ ಅಂಚಿನಲ್ಲೇ ಸಣ್ಣ ಅಕ್ಷರದಲ್ಲಿ ಇರುತ್ತೆ. ಅಷ್ಟು ಕಳೆದು ಮತ್ತೆ ಹಾಕಿ.

ಆಮೇಲಿನ ಒಂದಿಂಚು ಹಾಳೆಗಳಲ್ಲಿ ಈ ತಾಪತ್ರಯ ಇಲ್ಲ, ಆದರೆ ಅವು ಎವರೆಸ್ಟ್ ಗೋಳಾಕೃತಿಯ, ಅಂದರೆ ಭೂಮಿಯ ಆಕಾರಕ್ಕೆ ಆಗ ಹಿಡಿದ ಅಳತೆಯ, ಲೆಕ್ಕದವು. ಜಿಪಿಎಸ್ ಬಳಸುವ ಈಗಿನ ಲೆಕ್ಕವಾದ ಡಬ್ಲ್ಯುಜಿಎಸ್84ಗೂ ಅದಕ್ಕೂ ನಮ್ಮ ಕಡೆ ನೂರು ಮೀಟರ್ ಮೀರಿದ ವ್ಯತ್ಯಾಸ. ಘಟ್ಟದಲ್ಲಿ ನೂರು ಮೀಟರ್ ಅಂದರೆ ಏಣಿನ ಈ ಕಡೆಯೋ ಆ ಕಡೆಯೋ ಅನ್ನೋ ಪ್ರಶ್ನೆ. ಅದಕ್ಕೇ ಅಂಕಿ ನೆಚ್ಚದೆ ಹೊಳೆ ಕೂಡು, ಗುಡ್ಡದ ನೆತ್ತಿ ಇಟ್ಟು ಹೊಂದಿಸಿ. ರಸ್ತೆ ತಿರುವು ಬೇಡ, ರಸ್ತೆ ಬದಲಾಗಿರುತ್ತೆ. ಕೆರೆಯ ಅಂಚೂ ಬೇಡ.

ಮೂಡಿಗೆರೆಯವರು ಮತ್ತೆ:

ಕಾಡಿಗೆ ಹೊರಡುವ ಮೊದಲು ಒಂದು ಮಾತು. ಆ ಸುತ್ತಿನ ಬಹುಪಾಲು 1987ರಿಂದ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಹಳೇ ನಕ್ಷೆಯಲ್ಲಿ ದಾರಿ ಇದೆ ಅಂತ ಸುಮ್ನೆ ನುಗ್ಗೋ ಹಾಗಿಲ್ಲ, ಅರಣ್ಯ ಇಲಾಖೆಯ ಅನುಮತಿ ಬೇಕು. ಬೇಸಿಗೆಯಲ್ಲಿ ಬೆಂಕಿ ಭಯಕ್ಕೆ ಚಾರಣ ನಿಲ್ಲಿಸ್ತಾರೆ, ಮಳೆಗಾಲದಲ್ಲಿ ಜಿಗಣೆ, ಓಣಿಯೆಲ್ಲ ನೀರು. ಡಿಸೆಂಬರ್–ಜನವರಿ ಸರಿಯಾದ ಹೊತ್ತು.

ಊರವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಪಾಳು ಗುಡಿ ಹತ್ತಿರ ಹಳೇ ನಕ್ಷೆ, ಜಿಪಿಎಸ್ ಹಿಡಿದು ನಿಂತವರನ್ನು ನಿಧಿ ಅಗೆಯೋಕೆ ಬಂದವರು ಅಂತಲೇ ತಿಳಿಯೋದು. ಗುದ್ದಲಿ, ಹಾರೆ ಇರಲಿ, ಒಂದು ಕತ್ತಿ ಹಿಡಿದರೂ ಅನುಮಾನ. ಅಜ್ಜಿಯ ಮನೆತನದ ಹೆಸರು ಹೇಳಿ ಮಾತು ಶುರು ಮಾಡಿ. ಸಂಸೆ ಕಡೆ ವಯಸ್ಸಾದವರು ಯಾರಾದರೂ ಆ ಹೆಸರು ಕೇಳಿಯೇ ಇರುತ್ತಾರೆ. ತವರಿನ ಅಕ್ಕಪಕ್ಕದ ಊರುಗಳ ಹೆಸರು ನೆನಪಿದ್ದರೆ ಇಲ್ಲಿ ಹಾಕಿ, ನನ್ನ ಹತ್ತಿರ ಇರುವ 48 ಓ/8ರಲ್ಲಿ ಹುಡುಕಿ ಆ ಭಾಗದ ಫೋಟೋ ಕಳಿಸ್ತೀನಿ.