ಎಂಜಿನ್ನಿನ ಹಿಂದೆ ಅಡಗಿರುವ ಹೀಟರ್ ಹೋಸ್: ಹಳೆಯ ಲ್ಯಾಂಡ್ ಕ್ರೂಸರ್ ಇರುವವರಿಗಾಗಿ ಪ್ರಶ್ನೋತ್ತರ

ಪ್ರಶ್ನೆ (ಡೆನ್ವರ್, ಅಮೆರಿಕ): ನಮಸ್ಕಾರ ಸರ್. ನನ್ನ ಬಳಿ 1996ರ ಟೊಯೊಟಾ ಲ್ಯಾಂಡ್ ಕ್ರೂಸರ್ ಇದೆ. 80 ಸರಣಿ, 4.5 ಲೀಟರ್ ಪೆಟ್ರೋಲ್ ಎಂಜಿನ್. ಕೂಲೆಂಟ್ ಸ್ವಲ್ಪಸ್ವಲ್ಪವೇ ಕಡಿಮೆಯಾಗುತ್ತಿದೆ, ಆದರೆ ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ಬೆಟ್ಟದ ದಾರಿ ಹತ್ತಿ ಬಂದು ನಿಲ್ಲಿಸಿದರೆ ಬಾನೆಟ್ಟಿನ ಹಿಂಭಾಗದಿಂದ ಸಿಹಿಯಾದ ವಾಸನೆ ಬರುತ್ತದೆ. ಕಡ್ಡಿಗೆ ಪುಟ್ಟ ಕನ್ನಡಿ ಕಟ್ಟಿ ಇಳಿಸಿ ನೋಡಿದೆ. ಎಂಜಿನ್ನಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್ ಕೆಳಗೆ, ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಯಾದ ಫೈರ್‌ವಾಲ್‌ಗೆ ಒತ್ತಿಕೊಂಡಂತೆ ಬೆರಳುದ್ದದ ಒಂದು ಹೋಸ್ ಇದೆ. ಅದರ ಕ್ಲಾಂಪಿನ ಸುತ್ತ ನಸುಗೆಂಪು ಪುಡಿ ಹೆಪ್ಪುಗಟ್ಟಿದೆ. ಮ್ಯಾನಿಫೋಲ್ಡ್ ಬಿಚ್ಚದೆ ಆಗದು ಎಂದು ಇಲ್ಲಿನ ಗ್ಯಾರೇಜಿನವರು ಹೇಳುತ್ತಾರೆ. ಅವರು ಕೇಳಿದ ಕೂಲಿಗೆ ಊರಿಗೆ ಹೋಗಿಬರಬಹುದು. ನಾನೇ ಮಾಡಬಹುದೇ? ಟೆಂಪರೇಚರ್ ಮುಳ್ಳು ಮಾತ್ರ ನಡುವಿನಲ್ಲೇ ಅಲುಗದೆ ನಿಂತಿದೆ, ಸದ್ಯಕ್ಕೆ ಅದೊಂದೇ ಧೈರ್ಯ.

ಉತ್ತರ (ಟೊಯೊಟಾ ಮೆಕ್ಯಾನಿಕ್, ಮಸ್ಕತ್; ಊರು ಉಡುಪಿ): ಮೊದಲು ಆ ಧೈರ್ಯವನ್ನು ಪಕ್ಕಕ್ಕಿಡಿ. ಈ ಗಾಡಿಯ ಮುಳ್ಳು ಸುಳ್ಳು ಹೇಳುವುದಿಲ್ಲ, ಆದರೆ ಬಾಯಿ ಬಿಡುವುದು ಬಹಳ ತಡವಾಗಿ. ನೀರಿನ ಬಿಸಿ ಸಾಕಷ್ಟು ಏರಿಳಿದರೂ ಅದು ನಡುವಿನಲ್ಲೇ ನಿಲ್ಲುವಂತೆ ಕಂಪನಿಯವರೇ ಮಾಡಿದ್ದಾರೆ. ಕೂಲೆಂಟ್ ಪೂರ್ತಿ ಸೋರಿಹೋದ ಮೇಲಂತೂ ಸೆನ್ಸರ್ ಬರೀ ಹಬೆಯಲ್ಲಿ ನಿಂತಿರುತ್ತದೆ, ಆಗ ಅದು ತೋರಿಸುವುದಕ್ಕೆ ಅರ್ಥವೇ ಇಲ್ಲ. ನಿಮ್ಮದು 1996ರ ಅಮೆರಿಕದ ಮಾದರಿಯಾದ್ದರಿಂದ ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಒಬಿಡಿ-2 ಸಾಕೆಟ್ ಇದೆ. ಅಗ್ಗದ ರೀಡರ್ ಒಂದನ್ನು ಚುಚ್ಚಿ ನಿಜವಾದ ಡಿಗ್ರಿಯನ್ನೇ ನೋಡಿ.

ನೀವು ಕಂಡಿರುವ ಹೋಸ್ ಆ ಎಂಜಿನ್ನಿನ ಹಳೆಯ ಕಾಟ. ಅಮೆರಿಕದವರು ಅದನ್ನು ಪಿಎಚ್‌ಎಚ್ (ಪೆಸ್ಕಿ ಹೀಟರ್ ಹೋಸ್, ಅಂದರೆ ಕಾಟ ಕೊಡುವ ಹೀಟರ್ ಹೋಸ್) ಎಂದು ಕರೆಯುತ್ತಾರೆ, ಆ ಹೆಸರಿನಲ್ಲಿ ಹುಡುಕಿದರೆ ಚಿತ್ರಗಳು ಸಿಗುತ್ತವೆ. ಹೀಟರಿಗೆ ಹೋಗುವ ಸಾಲಿನಲ್ಲಿ ಎರಡು ಕಬ್ಬಿಣದ ಪೈಪುಗಳನ್ನು ಜೋಡಿಸುವ ರಬ್ಬರ್ ತುಂಡು, ಅಷ್ಟೇ. ಗಾಳಿಯಾಡದ ಜಾಗದಲ್ಲಿ ಮೂವತ್ತು ವರ್ಷ ಬೆಂದಿದೆ. ಅದು ಒಡೆದರೆ ಸಿಸ್ಟಂ ಕೆಲವೇ ನಿಮಿಷಗಳಲ್ಲಿ ಖಾಲಿ. ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಅತಿಯಾಗಿ ಕಾದರೆ ಬಾಗುವುದು ಹೆಡ್. ಈ ಎಂಜಿನ್ನಿನಲ್ಲಿ ಬ್ಲಾಕಿಗೂ ಹೆಡ್ಡಿಗೂ ನಡುವಿನ ಗ್ಯಾಸ್ಕೆಟ್ ಸೋಲುವುದೂ ಹೆಚ್ಚಾಗಿ ಹಿಂದಿನ ಆರನೇ ಸಿಲಿಂಡರಿನ ಹತ್ತಿರವೇ. ಹಾಗಾಗಿ ಬೆಟ್ಟದ ಪ್ರವಾಸವನ್ನು ಮುಂದಕ್ಕೆ ಹಾಕಿ, ಮೊದಲು ಇದನ್ನು ಮುಗಿಸಿ.

ಮ್ಯಾನಿಫೋಲ್ಡ್ ಬಿಚ್ಚಿದರೆ ಕೈಗೆ ಜಾಗ ಧಾರಾಳವಾಗಿ ಸಿಗುತ್ತದೆ, ಗ್ಯಾರೇಜಿನವರು ಹೇಳಿದ್ದರಲ್ಲಿ ಮೋಸವಿಲ್ಲ. ಆದರೆ ಅದು ಕಡ್ಡಾಯವಲ್ಲ. ಚಾಲಕನ ಬದಿಯ (ನಿಮ್ಮ ಗಾಡಿಯಲ್ಲಿ ಎಡಗಡೆಯ) ಮುಂಚಕ್ರ ಕಳಚಿ, ಚಕ್ರದ ಗೂಡಿನಲ್ಲಿರುವ ಕೆಸರು ತಡೆಯುವ ರಬ್ಬರ್ ಹಾಳೆಯನ್ನು ತೆಗೆಯಿರಿ. ಅಲ್ಲಿಂದ ಒಂದು ಕೈ, ಮೇಲಿನಿಂದ ಇನ್ನೊಂದು ಕೈ. ಗಾಡಿ ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ನಿಂತಿರಬೇಕು, ಜಾಕನ್ನು ನಂಬಬೇಡಿ. ಬ್ಯಾಟರಿಯ ನೆಗೆಟಿವ್ ಕಳಚಿಡಿ, ಏಕೆಂದರೆ ಸ್ಟಾರ್ಟರ್ ಮೋಟಾರ್ ಇರುವುದೂ ಅದೇ ಬದಿಯಲ್ಲಿ. ಅದರ ತಂತಿಯಲ್ಲಿ ಕೀಲಿ ತೆಗೆದರೂ ಕರೆಂಟ್ ಇರುತ್ತದೆ. ಉದ್ದನೆಯ ಎಕ್ಸ್‌ಟೆನ್ಷನ್ ರಾಡ್ ಅದಕ್ಕೂ ಬಾಡಿಗೂ ಒಟ್ಟಿಗೆ ತಗುಲಿದರೆ ಕಿಡಿ ಹಾರುತ್ತದೆ. ಗೇರ್ ಎಣ್ಣೆಯ ಡಿಪ್‌ಸ್ಟಿಕ್ ಕೊಳವೆ ಅಡ್ಡ ಬಂದರೆ ಅದರ ಬೋಲ್ಟ್ ಕಳಚಿ ಸರಿಸಿಕೊಳ್ಳಿ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಕೆಳಗಿನ ಕಾಕ್ ತೆರೆದು ಕೂಲೆಂಟ್ ಇಳಿಸಿ. ಹೊರಬಂದದ್ದನ್ನು ಅಳೆದಿಡಿ, ಮತ್ತೆ ತುಂಬುವಾಗ ಎಲ್ಲಾದರೂ ಗಾಳಿ ಸಿಕ್ಕಿಕೊಂಡಿದೆಯೇ ಎಂಬುದು ಆ ಅಳತೆಯಿಂದಲೇ ಗೊತ್ತಾಗುತ್ತದೆ.

ಈ ಕೆಲಸದಲ್ಲಿ ಸತಾಯಿಸುವುದು ಹೋಸ್ ಅಲ್ಲ, ಕ್ಲಾಂಪ್. ಕಂಪನಿಯದು ಸ್ಪ್ರಿಂಗ್ ಕ್ಲಾಂಪ್. ಅದರ ಎರಡು ಕಿವಿಗಳು ಯಾವ ಕಡೆಗೆ ತಿರುಗಿವೆ ಎಂಬುದರ ಮೇಲೆ ನಿಮ್ಮ ದಿನ ಹೇಗೆ ಕಳೆಯುತ್ತದೆ ಎಂಬುದು ನಿಂತಿದೆ. ಕೇಬಲ್ ಇರುವ ಇಕ್ಕಳ ಸಿಗುತ್ತದೆ, ದೂರದಿಂದಲೇ ಕಿವಿ ಹಿಸುಕಿ ಲಾಕ್ ಮಾಡಬಹುದು. ಅದೊಂದನ್ನು ಕೊಂಡುಕೊಳ್ಳಿ, ದುಡ್ಡು ದಂಡವಲ್ಲ. ಹಳೆಯ ಹೋಸನ್ನು ತಿರುಚಿ ಎಳೆಯಬೇಡಿ, ಒಳಗಿನ ಪೈಪ್ ನೆಗ್ಗಿದರೆ ಆಗ ನಿಜವಾಗಿಯೂ ಮ್ಯಾನಿಫೋಲ್ಡ್ ಬಿಚ್ಚಬೇಕಾಗುತ್ತದೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸಿಪ್ಪೆಯಂತೆ ಸುಲಿಯಿರಿ, ಬ್ಲೇಡಿನ ಗೆರೆ ಪೈಪಿನ ಮೇಲೆ ಮೂಡದಿರಲಿ. ಪೈಪಿನ ತುದಿಗೆ ಅಂಟಿರುವ ಪುಡಿಯನ್ನು ಪಾತ್ರೆ ಉಜ್ಜುವ ಹಸಿರು ನಾರಿನಿಂದ ತಿಕ್ಕಿ ತೆಗೆಯಿರಿ. ಬೆರಳಾಡಿಸಿದರೆ ನುಣ್ಣಗೆ ಹತ್ತಬೇಕು. ಹೊಸ ಹೋಸಿನೊಳಗೆ ಕೂಲೆಂಟ್ ಸವರಿ ತಳ್ಳಿ. ಗ್ರೀಸ್, ಎಂಜಿನ್ ಆಯಿಲ್ ಬೇಡ, ರಬ್ಬರ್ ಉಬ್ಬುತ್ತದೆ.

ಸದಸ್ಯರು (ಶಾರ್ಜಾ): ಇಷ್ಟೆಲ್ಲ ಕಷ್ಟ ಏಕೆ ಅಣ್ಣ? ನನ್ನ ಗಾಡಿಯಲ್ಲಿ ಹೀಟರ್ ಸಾಲನ್ನೇ ಕತ್ತರಿಸಿ ತುದಿ ಮುಚ್ಚಿಸಿಬಿಟ್ಟಿದ್ದೇನೆ. ಏನೂ ಆಗಿಲ್ಲ.

ಉತ್ತರ: ಶಾರ್ಜಾದಲ್ಲಿ ಹೀಟರ್ ಯಾರಿಗೆ ಬೇಕು! ಅವರು ಇರುವುದು ಡೆನ್ವರ್‌ನಲ್ಲಿ. ಅಲ್ಲಿ ಜನವರಿಯಲ್ಲಿ ಮುಂದಿನ ಗಾಜಿನ ಮೇಲೆ ಕೂತ ಮಂಜು ಕರಗಬೇಕಾದರೆ ಹೀಟರ್ ಬೇಕೇ ಬೇಕು, ಇಲ್ಲದಿದ್ದರೆ ದಾರಿಯೇ ಕಾಣುವುದಿಲ್ಲ. ಹೋಸ್ ದಾರಿಯಲ್ಲಿ ಒಡೆದರೆ ಮನೆ ಸೇರಲು ಮಾಡುವ ಉಪಾಯ ಅದು. ರಿಪೇರಿ ಎನ್ನಲಾರೆ.

ಪ್ರಶ್ನೆ (ಡೆನ್ವರ್): ತುಂಬಾ ಉಪಕಾರವಾಯಿತು ಸರ್. ಹೊಸದು ರಬ್ಬರಿನದೇ, ಸಿಲಿಕೋನಿನದೇ? ಗಾಳಿ ತೆಗೆಯುವುದು ಹೇಗೆ?

ಉತ್ತರ: ಒಳವ್ಯಾಸ 16 ಮಿ.ಮೀ., ಅಂದರೆ ನಿಮ್ಮ ಅಂಗಡಿಗಳಲ್ಲಿ 5/8 ಇಂಚಿನದು. ಹಳೆಯ ತುಂಡನ್ನು ಪಕ್ಕದಲ್ಲಿಟ್ಟುಕೊಂಡು ಅಷ್ಟೇ ಉದ್ದ ಕತ್ತರಿಸಿ. ಕೈ ಹೋಗದ ಜಾಗಕ್ಕೆ ನಾನಾದರೆ ಸಿಲಿಕೋನ್ ಹಾಕುತ್ತೇನೆ, ಶಾಖಕ್ಕೆ ಹೆಚ್ಚು ಬಾಳುತ್ತದೆ. ಆದರೆ ಸಿಲಿಕೋನ್ ಮೆತ್ತಗಿನದು. ತೂತು ತೂತಿನ ಪಟ್ಟಿಯಿರುವ ಸಾಮಾನ್ಯ ಸ್ಕ್ರೂ ಕ್ಲಾಂಪ್ ಬಿಗಿದರೆ ಆ ತೂತುಗಳಲ್ಲಿ ಉಬ್ಬಿ ಹರಿಯುತ್ತದೆ. ಒಳಗೆ ನಯವಾದ ಪಟ್ಟಿಯಿರುವ ಕ್ಲಾಂಪ್ ಕೇಳಿ ತೆಗೆದುಕೊಳ್ಳಿ. ಬಿಗಿಯುವ ಮೊದಲು ಸ್ಕ್ರೂ ತಲೆ ಚಕ್ರದ ಗೂಡಿನ ಕಡೆಗೆ ಮುಖ ಮಾಡಿರಲಿ, ಮುಂದೆ ಬಿಗಿ ನೋಡಲು ಚಕ್ರ ಕಳಚಿದರೆ ಸಾಕಾಗುತ್ತದೆ.

ಕೂಲೆಂಟ್ ಟೊಯೊಟಾದ ಕೆಂಪು ಬಣ್ಣದ್ದು, ಡಿಸ್ಟಿಲ್ಡ್ ನೀರಿನೊಂದಿಗೆ ಅರ್ಧಕ್ಕರ್ಧ. ಸುಮಾರು ಮೈನಸ್ 37 ಡಿಗ್ರಿಯವರೆಗೂ ಅದು ಹೆಪ್ಪುಗಟ್ಟುವುದಿಲ್ಲ. ನೀವಿರುವ 1,600 ಮೀಟರ್ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 95 ಡಿಗ್ರಿಗೇ ಕುದಿಯುತ್ತದೆ, ಆದ್ದರಿಂದ ಒತ್ತಡ ಹಿಡಿದಿಡುವ ರೇಡಿಯೇಟರ್ ಮುಚ್ಚಳ ಹಳೆಯದಾಗಿದ್ದರೆ ಅದನ್ನೂ ಬದಲಿಸಿ. ತುಂಬುವಾಗ ಗಾಡಿಯ ಮೂತಿ ಎತ್ತರಕ್ಕಿರಲಿ. ಮುಂದಿನ ಹೀಟರ್ ಪೂರ್ತಿ ಬಿಸಿಗೆ. ಹಿಂದಿನ ಸೀಟಿಗೂ ಹೀಟರ್ ಇದ್ದರೆ ಅದನ್ನೂ ಚಾಲೂ ಮಾಡಿ. ತಣ್ಣಗಿರುವಾಗಲೇ ಮುಚ್ಚಳ ತೆಗೆದಿಟ್ಟು ಎಂಜಿನ್ ಓಡಿಸಿ. ಥರ್ಮೋಸ್ಟಾಟ್ ತೆರೆದಾಗ ಮಟ್ಟ ದಿಢೀರನೆ ಕುಸಿಯುತ್ತದೆ, ಆಗ ಮತ್ತೆ ತುಂಬಿ, ಗುಳ್ಳೆ ನಿಂತ ಮೇಲೆ ಮುಚ್ಚಿ.

ಸದಸ್ಯೆ (ಸಕಲೇಶಪುರ): ತೋಟದಲ್ಲಿ ನಮ್ಮದು ಹಳೆಯ ಜಿಪ್ಸಿ. ಹೋಸ್ ಒಡೆಯುವ ಮೊದಲೇ ತಿಳಿಯುವುದು ಹೇಗೆ?

ಉತ್ತರ: ಅಕ್ಕ, ಎಂಜಿನ್ ತಣ್ಣಗಿರುವಾಗ ಕ್ಲಾಂಪಿನ ಪಕ್ಕದಲ್ಲೇ ಹಿಸುಕಿ ನೋಡಿ, ನಡುಭಾಗ ಚೆನ್ನಾಗಿಯೇ ಇರುತ್ತದೆ, ಕೆಡುವುದು ತುದಿ. ಮಾಗಿದ ಹಲಸಿನ ತೊಳೆಯಂತೆ ಮೆತ್ತಗಿದ್ದರೂ ಕೆಟ್ಟಿದೆ, ಹಿಸುಕಿದಾಗ ಕರಕರ ಎಂದರೂ ಕೆಟ್ಟಿದೆ. ತೋಟದ ಗಾಡಿಗಳಿಗೆ ಹಳ್ಳದ ನೀರನ್ನೇ ಸುರಿಯುವ ರೂಢಿಯಿದೆ, ಅದನ್ನು ನಿಲ್ಲಿಸಿ. ಪೈಪಿನ ತುದಿ ತುಕ್ಕು ಹಿಡಿದರೆ ಎಂಥ ಹೊಸ ಹೋಸ್ ಹಾಕಿದರೂ ಹನಿಯುತ್ತದೆ.

ಪ್ರಶ್ನೆ (ಡೆನ್ವರ್): ಕೊನೆಯದೊಂದು. ಅದೇ ಕೈಯಲ್ಲಿ ಇನ್ನೇನು ಬದಲಿಸಲಿ?

ಉತ್ತರ: ಫೈರ್‌ವಾಲ್ ಹತ್ತಿರದ ಹೀಟರ್ ವಾಲ್ವ್ ನೋಡಿ. ಅದು ಪ್ಲಾಸ್ಟಿಕ್, ಈ ವಯಸ್ಸಿಗೆ ಮುಟ್ಟಿದರೆ ಮುರಿಯುತ್ತದೆ. ಅದನ್ನೂ ಅದರ ಹೋಸುಗಳನ್ನೂ ಬದಲಿಸಿ. ಎಲ್ಲ ಮುಗಿದ ಮೇಲೆ ಪ್ರೆಶರ್ ಟೆಸ್ಟರ್ ಬಾಡಿಗೆಗೆ ತಂದು, ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು ಕಾಲು ಗಂಟೆ ಬಿಡಿ, ಮುಳ್ಳು ಇಳಿಯಬಾರದು. ವಾರ ಓಡಿಸಿದ ಮೇಲೆ, ತಣ್ಣಗಿರುವಾಗ, ಕ್ಲಾಂಪಿನ ಬಿಗಿಯನ್ನು ಇನ್ನೊಮ್ಮೆ ನೋಡಿ. ತೆಗೆದ ಕೂಲೆಂಟನ್ನು ಬಕೆಟ್ಟಿನಲ್ಲಿ ತೆರೆದಿಡಬೇಡಿ. ಸಿಹಿಯೆಂದು ನಾಯಿ ನೆಕ್ಕುತ್ತದೆ, ಅದು ವಿಷ.