ಪದ ಬೇಕಿದೆ: ಕ್ವಾಂಟಂ ಕನ್‌ಫೈನ್‌ಮೆಂಟ್ (ಸ್ವಲ್ಪ ಅರ್ಜೆಂಟು)

ಎಲ್ಲರಿಗೂ ನಮಸ್ಕಾರ.

ವಿಜ್ಞಾನ ಪ್ರದರ್ಶನವೊಂದಕ್ಕೆ ಫಲಕ ಬರೆಯುತ್ತಿದ್ದೇನೆ. ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ಮೇಜಿನ ಮೇಲೆ ಐದು ಪುಟ್ಟ ಸೀಸೆ, ಹಿಂದೆ ನೇರಳಾತೀತ ದೀಪ. ದೀಪ ಹಾಕಿದ ಕೂಡಲೇ ಒಂದು ನೀಲಿ, ಒಂದು ಹಸಿರು, ಆಮೇಲೆ ಹಳದಿ, ಕಿತ್ತಳೆ, ಕೊನೆಯದು ಕೆಂಪು. ಐದರಲ್ಲೂ ಇರುವುದು ಒಂದೇ ವಸ್ತು, ಕ್ಯಾಡ್ಮಿಯಂ ಸೆಲೆನೈಡ್. ಹರಳಿನ ಗಾತ್ರ ಮಾತ್ರ ಬೇರೆ. ನೀಲಿ ಸೀಸೆಯ ಹರಳು ಸುಮಾರು 2 ನ್ಯಾನೋಮೀಟರ್, ಕೆಂಪಿನದು 6ರ ಹತ್ತಿರ.

ಕಾರಣ, ಹರಳು ಸಣ್ಣದಾದಷ್ಟೂ ಒಳಗಿನ ಎಲೆಕ್ಟ್ರಾನಿಗೆ ಜಾಗ ಸಾಲದಿರುವುದು, ಅಂದರೆ ಕ್ವಾಂಟಂ ಕನ್‌ಫೈನ್‌ಮೆಂಟ್. ಈ ಕನ್‌ಫೈನ್‌ಮೆಂಟಿಗೆ ಏನಂತ ಬರೆಯಲಿ? 'ಪರಿರೋಧ' ಅಂತ ಒಬ್ಬರು ಹೇಳಿದರು, ನಾಲಿಗೆ ಏಳಲಿಲ್ಲ. ನಾನು 'ಕ್ವಾಂಟಂ ಬಂಧನ' ಅಂತ ಬರೆದಿದ್ದೆ. ಗೆಳತಿ ಓದಿ, "ಯಾರನ್ನು ಬಂಧಿಸಿದರು?" ಅಂತ ಕೇಳಿದಳು.

ತಲೆಬರಹದಲ್ಲಿ ಎರಡು ಪದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ.

---

ಬಂಧನ ಬೇಡವೇ ಬೇಡ. 'ಬಂಧ' ರಸಾಯನಶಾಸ್ತ್ರದಲ್ಲಿ ಆಗಲೇ ಬೇರೆ ಕೆಲಸಕ್ಕೆ ಸೇರಿಕೊಂಡಿದೆ. ನಿಮ್ಮ ಹರಳಿನಲ್ಲೇ ಕ್ಯಾಡ್ಮಿಯಂಗೂ ಸೆಲೆನಿಯಂಗೂ ಬಂಧ ಇದೆ, ಓದುವವರು ಅದೇ ಅಂದುಕೊಳ್ಳುತ್ತಾರೆ. 'ಸೆರೆ' ಅನ್ನಿ. ಅಚ್ಚಗನ್ನಡ, ಎರಡೇ ಅಕ್ಷರ.

---

> 'ಸೆರೆ' ಅನ್ನಿ.

ಸೆರೆ ಅಂದರೆ ಹೆಂಡ ಅಂತಲೂ ಅರ್ಥ ಇದೆ. ಗಂಟಲ ಸೆರೆ ಬೇರೆ ಇದೆ. ಅದು ಹೋಗಲಿ, ಸೆರೆ ಅಂದಮೇಲೆ ಹಿಡಿದವನೊಬ್ಬ ಇರಬೇಕು. ಇಲ್ಲಿ ಎಲೆಕ್ಟ್ರಾನನ್ನು ಯಾರೂ ಹಿಡಿದಿಲ್ಲ. ಅದಕ್ಕೆ ಜಾಗ ಸಾಲುತ್ತಿಲ್ಲ, ಅಷ್ಟೆ.

ಬೆಳಕು ಬಿದ್ದಾಗ ಎಲೆಕ್ಟ್ರಾನ್ ಮೇಲಕ್ಕೆ ಏಳುತ್ತದೆ, ಅದು ಬಿಟ್ಟು ಹೋದ ಜಾಗದಲ್ಲಿ ಒಂದು ರಂಧ್ರ ಉಳಿಯುತ್ತದೆ. ದೊಡ್ಡ ಹರಳಿನಲ್ಲಿ ಈ ಎರಡೂ ಜೋಡಿಯಾಗಿ ಓಡಾಡಿಕೊಂಡಿರುತ್ತವೆ. ಆ ಜೋಡಿಗೆ ತನ್ನದೇ ಆದ ಅಳತೆ ಇದೆ. ಕ್ಯಾಡ್ಮಿಯಂ ಸೆಲೆನೈಡಿನಲ್ಲಿ ಅದರ ತ್ರಿಜ್ಯ ಸುಮಾರು 5.6 ನ್ಯಾನೋಮೀಟರ್, ಅಂದರೆ ಅಡ್ಡಕ್ಕೆ 11ಕ್ಕೂ ಜಾಸ್ತಿ. ಅದನ್ನು 2 ನ್ಯಾನೋಮೀಟರ್ ಹರಳಿನೊಳಗೆ ತುರುಕಿ ನೋಡಿ. ಇಕ್ಕಟ್ಟು! ಪದ ಸಿಕ್ಕಿತಲ್ಲ.

ಹರಳಿನ ಅಳತೆ ಅರ್ಧಕ್ಕೆ ಇಳಿದರೆ ಇಕ್ಕಟ್ಟಿನಿಂದ ಏರುವ ಶಕ್ತಿ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಎಲೆಕ್ಟ್ರಾನಿಗೂ ರಂಧ್ರಕ್ಕೂ ನಡುವಿನ ಸೆಳೆತ ಅದನ್ನು ಸ್ವಲ್ಪ ಕೆಳಗೆ ಎಳೆಯುತ್ತದೆ, ನಿಜ. ಆದರೆ ಆ ಸೆಳೆತ ಆಗುವುದು ಎರಡೇ ಪಟ್ಟು. ನೀಲಿ ಬೆಳಕಿಗೆ ಕೆಂಪಿಗಿಂತ ಶಕ್ತಿ ಹೆಚ್ಚು, ಅದಕ್ಕೇ ಹರಳು ಸಣ್ಣದಾದ ಹಾಗೆ ಬಣ್ಣ ನೀಲಿಯ ಕಡೆಗೆ ಸರಿಯುತ್ತದೆ.

---

'ಇಕ್ಕಟ್ಟು' ಸಲ್ಲದು. ಇಕ್ಕೆಲ, ಇಮ್ಮಡಿ, ಇಬ್ಬದಿ ನೋಡಿ. ಇರ್ + ಕಟ್ಟು. ಎರಡು ಕಡೆಯಿಂದ ಕಟ್ಟಿದ್ದು ಅಂತ ಅರ್ಥ. ಎರಡೇ ಕಡೆ ಒತ್ತಿದ್ದರೆ ಅದು ತೆಳು ಪದರ, ಕ್ವಾಂಟಂ ಬಾವಿ ಅನ್ನುತ್ತಾರಲ್ಲ ಅದು. ನಾಲ್ಕು ಕಡೆ ಒತ್ತಿದರೆ ಕ್ವಾಂಟಂ ತಂತಿ. ನಿಮ್ಮ ಸೀಸೆಯಲ್ಲಿ ಇರುವುದು ಕ್ವಾಂಟಂ ಚುಕ್ಕಿ (ಕ್ವಾಂಟಂ ಡಾಟ್), ಅಲ್ಲಿ ಆರೂ ಕಡೆ ಗೋಡೆ. ಬಾವಿಗೆ ಹೊಂದುವ ಪದವನ್ನು ಚುಕ್ಕಿಗೆ ಅಂಟಿಸಬೇಡಿ.

---

ಹಾಗಾದರೆ 'ಆರ್ಕಟ್ಟು' ಅನ್ನೋಣವೇ ಸರ್? ಬಸ್ಸಿನಲ್ಲಿ "ತುಂಬಾ ಇಕ್ಕಟ್ಟು" ಅನ್ನುವವರು ಯಾವ ಯಾವ ಕಡೆಯಿಂದ ಅಂತ ಎಣಿಸಿ ಹೇಳುವುದಿಲ್ಲ.

ಇರ್ + ಕಟ್ಟು ಅನ್ನುವುದೂ ನನಗೆ ಅನುಮಾನವೇ. ಇರುಕು, ಇರುಕಿಕೊಳ್ಳು ಇವನ್ನು ನೋಡಿ. ಹಳಗನ್ನಡದ ಇಱುಕು ಅಂದರೆ ಒತ್ತು, ಅದುಮು. ಅಲ್ಲಿಂದಲೇ ಬಂದಿರಬೇಕು.

---

> ಅಲ್ಲಿಂದಲೇ ಬಂದಿರಬೇಕು.

ಇಱುಕುವಿನಿಂದ ಬಂದಿದ್ದರೆ ಆ 'ಟ್ಟು' ಎಲ್ಲಿಂದ ಬಂತು? ಹೇಳಿ. ಹೇಳಲಾಗದಿದ್ದರೆ ಸುಮ್ಮನಿರಿ.

---

ಕನ್‌ಫೈನ್‌ಮೆಂಟಿಗೆ ಇಷ್ಟು ಕಚ್ಚಾಟ. ಪಕ್ಕದಲ್ಲೇ ಕಾಲು ಚಾಚಿ ಕೂತಿರುವ 'ಕ್ವಾಂಟಂ' ಯಾರ ಕಣ್ಣಿಗೂ ಬೀಳಲಿಲ್ಲವೇ? 'ನ್ಯಾನೋ' ಇದೆ, 'ಎಲೆಕ್ಟ್ರಾನ್' ಇದೆ. ಇನ್ನು 'ಅರೆವಾಹಕ' (ಸೆಮಿಕಂಡಕ್ಟರ್) ಬಂದರಂತೂ ಅರಿಸಮಾಸ. ಅರೆ ನಮ್ಮದು, ವಾಹಕ ಸಂಸ್ಕೃತದ್ದು. ಹೀಗೆ ಸಾಲ ಮಾಡಿ ಮಾಡಿಯೇ ನುಡಿ ಸೊರಗಿದ್ದು. ಕ್ವಾಂಟಂಗೆ 'ಚೂರು' ಸಾಕು. 'ಚೂರಿಕ್ಕಟ್ಟು' ಅನ್ನಿ, ಮುಗೀತು.

---

ಚೂರಿಕ್ಕಟ್ಟು ಓದಿದರೆ ಚೂರಿ ಇರಿತ ನೆನಪಾಗುತ್ತದೆ. ಮಕ್ಕಳು ಬರುವ ಜಾಗ ಅದು.

ಕ್ವಾಂಟಂ ಇಂಗ್ಲಿಷಿನವರ ಸ್ವಂತದ್ದೂ ಅಲ್ಲ. ಲ್ಯಾಟಿನ್ನಿನ 'ಎಷ್ಟು'. ಅವರು ಎರವಲು ತಂದದ್ದನ್ನು ನಾವೂ ಎರವಲು ತಂದೆವು, ಅದರಲ್ಲೇನು? 'ಶಕಲ' ಅಂತ ಬರೆದವರು ಇದ್ದಾರೆ. ಅದೂ ಸಂಸ್ಕೃತದ ಸಾಲವೇ ಅಲ್ವಾ? ಜೊತೆಗೆ ಓದುವವನಿಗೆ ಎರಡು ಸಲ ಕಷ್ಟ: ಮೊದಲು ಶಕಲ ಅಂದರೇನು, ಆಮೇಲೆ ಕ್ವಾಂಟಂ ಅಂದರೇನು. ಅರಿಸಮಾಸವನ್ನು ಹಳೆಯ ವ್ಯಾಕರಣಕಾರರೇ ಬಿರುದುಗಳಲ್ಲಿ ಬಿಟ್ಟುಕೊಟ್ಟಿದ್ದಾರೆ. ಅರೆವಾಹಕ ಅನ್ನುವುದನ್ನೂ ಬಿರುದು ಅಂದುಕೊಳ್ಳಿ.

ಹರಳಿನ ಗಾತ್ರದಿಂದ ಹೀಗೆ ಆಗುವುದನ್ನು ವಿಜ್ಞಾನಿ ಎಕಿಮೊವ್ ತಾಮ್ರದ ಕ್ಲೋರೈಡ್ ಸೇರಿದ ಗಾಜಿನಲ್ಲಿ ಕಂಡದ್ದು 1981ರಲ್ಲಿ, ಬ್ರೂಸ್ ದ್ರಾವಣದಲ್ಲಿ ಕಂಡದ್ದು 1983ರಲ್ಲಿ. ಆಗಿನ್ನೂ 'ಕ್ವಾಂಟಂ ಡಾಟ್' ಅನ್ನುವ ಹೆಸರೇ ಹುಟ್ಟಿರಲಿಲ್ಲ. 1993ರಲ್ಲಿ ಬವೆಂಡಿ ತಂಡ ಅಳತೆ ತಪ್ಪದ ಹರಳು ಮಾಡುವ ದಾರಿ ತೋರಿಸಿತು. ಮೂವರಿಗೂ 2023ರಲ್ಲಿ ನೊಬೆಲ್ ಬಂತು. ಇಂಗ್ಲಿಷಿನಲ್ಲೂ ಕೆಲಸ ಮೊದಲು, ಹೆಸರು ಆಮೇಲೆ.

---

ನಾನು ತಡವಾಗಿ ಬಂದೆ. ಇಕ್ಕಟ್ಟಿನ ನಿಜವಾದ ತೊಂದರೆ ಇರ್ ಅಲ್ಲ, ಇಱುಕೂ ಅಲ್ಲ. ಫಲಕದ ತಲೆಯಲ್ಲಿ 'ಕ್ವಾಂಟಂ ಇಕ್ಕಟ್ಟು' ಅಂತ ಕಂಡರೆ ನನಗೆ ಮೊದಲು ಹೊಳೆಯುವುದು ಧರ್ಮಸಂಕಟ. ಪತ್ರಿಕೆಯಲ್ಲಿ ದಿನಾ ಯಾರಾದರೊಬ್ಬರು ಇಕ್ಕಟ್ಟಿಗೆ ಸಿಲುಕಿರುತ್ತಾರಲ್ಲ.

ಅದೇ ಪದ ವಾಕ್ಯದೊಳಗೆ, 'ಜಾಗ'ದ ಪಕ್ಕ ಕೂತರೆ ಈ ತೊಂದರೆ ಇಲ್ಲ. "ಜಾಗ ಇಕ್ಕಟ್ಟಾದಷ್ಟೂ" ಅಂದರೆ ಮಗುವಿಗೂ ಗೊತ್ತಾಗುತ್ತದೆ. 'ಪರಿರೋಧವಾದಷ್ಟೂ' ಅಂತ ಯಾರ ಬಾಯಲ್ಲಾದರೂ ಬಂದೀತೇ? ಮೇಡಂ, ನಾಮಪದಕ್ಕೆ ನಾಮಪದ ಹುಡುಕುತ್ತಾ ಕೂತರೆ ನಾಳೆ ಸಂಜೆಯೂ ಆಗುವುದಿಲ್ಲ. ಕ್ರಿಯಾಪದ ಹಿಡಿಯಿರಿ. ತಲೆಬರಹದಲ್ಲಿ ಪರಿಭಾಷೆ ಯಾಕೆ ಬೇಕು?

'ಬಣ್ಣ ಬೆರೆಸಿಲ್ಲ' ಅಂತ ಒಂದು ಸಾಲು ಮರೆಯಬೇಡಿ. ಸೀಸೆ ನೋಡಿದವರಲ್ಲಿ ಅರ್ಧ ಜನ ಅದನ್ನೇ ಕೇಳುತ್ತಾರೆ.

---

ಕೇಳಿದವಳು ನಾನೇ. ಎಲ್ಲರಿಗೂ ಧನ್ಯವಾದ, ಬೈದುಕೊಂಡವರಿಗೂ. ಹೀಗೆ ಬರೆದಿದ್ದೇನೆ:

"ಒಂದೇ ವಸ್ತು, ಐದು ಬಣ್ಣ. ಈ ಸೀಸೆಗಳಲ್ಲಿ ಬಣ್ಣ ಬೆರೆಸಿಲ್ಲ. ಐದರಲ್ಲೂ ಇರುವುದು ಕ್ಯಾಡ್ಮಿಯಂ ಸೆಲೆನೈಡ್ ಹರಳುಗಳು, ಗಾತ್ರ ಮಾತ್ರ ಬೇರೆ. ಹರಳು ಸಣ್ಣದಾಗಿ ಎಲೆಕ್ಟ್ರಾನಿಗೆ ಜಾಗ ಇಕ್ಕಟ್ಟಾದಷ್ಟು ಅದರ ಶಕ್ತಿ ಏರುತ್ತದೆ, ಹೊಮ್ಮುವ ಬೆಳಕು ಕೆಂಪಿನಿಂದ ನೀಲಿಗೆ ತಿರುಗುತ್ತದೆ. ಇದೇ ಕ್ವಾಂಟಂ ಕನ್‌ಫೈನ್‌ಮೆಂಟ್."

ತಲೆಬರಹ ನಾಲ್ಕು ಪದ ಆಯಿತು. ಅಕ್ಷರ ಚಿಕ್ಕದು ಮಾಡಿ ಹಿಡಿಸಿದೆ. ಒಂದು ಅನುಮಾನ ಉಳಿದಿದೆ. ಹರಳನ್ನು ಇನ್ನೂ ದೊಡ್ಡದು ಮಾಡಿದರೆ ಕೆಂಪು ಇನ್ನೂ ಗಾಢ ಆಗುತ್ತಲೇ ಹೋಗುತ್ತದೆಯೇ? ಯಾರಾದರೂ ಕೇಳಿದರೆ?

---

ಹೋಗುವುದಿಲ್ಲ. ದೊಡ್ಡ ಹರಳಿನಲ್ಲಿ ಎಲೆಕ್ಟ್ರಾನ್ ಮೇಲೇಳಲು ದಾಟಬೇಕಾದ ಶಕ್ತಿಯ ಅಂತರ 1.74 ಎಲೆಕ್ಟ್ರಾನ್‌ವೋಲ್ಟ್. ಬೆಳಕಿನ ತರಂಗಾಂತರ ಬೇಕಿದ್ದರೆ 1240ನ್ನು ಅದರಿಂದ ಭಾಗಿಸಿ, ಸುಮಾರು 713 ನ್ಯಾನೋಮೀಟರ್ ಬರುತ್ತದೆ. ಕಂಡೂ ಕಾಣದ ಕಡುಗೆಂಪು. ಅಲ್ಲಿಗೆ ಹೋಗಿ ನಿಲ್ಲುತ್ತದೆ. ಜೋಡಿಗೆ ಕಾಲು ಚಾಚಲು ಜಾಗ ಸಿಕ್ಕಮೇಲೆ ಹರಳು ಎಷ್ಟು ಬೆಳೆದರೂ ಅದಕ್ಕೇನು?

---

ಕನ್‌ಫೈನ್‌ಮೆಂಟ್ ಕೊನೆಗೂ ಉಳಿಯಿತು! ಇಷ್ಟಕ್ಕೆ ಇಷ್ಟೆಲ್ಲ ಬರೆದೆವೇ?

---

'ಇಕ್ಕಟ್ಟಾದಷ್ಟೂ', ಕೊನೆಗೆ ದೀರ್ಘ ಬೇಕು. ಪ್ರಿಂಟಿಗೆ ಹೋಗುವ ಮುಂಚೆ ತಿದ್ದಿ.

ಪದದ ಬಗ್ಗೆ ನನ್ನ ಆಕ್ಷೇಪ ಹಾಗೇ ಇದೆ. ಇಱುಕು ಅಂದವರು 'ಟ್ಟು' ಎಲ್ಲಿಂದ ಬಂತು ಅಂತ ಇನ್ನೂ ಹೇಳಿಲ್ಲ.